ಕಾರ್ಬೆಲ್ ಕಾರಿಗೆ ಹುಡ್ ಹೊಲಿದ ಕಾಶಿಬಾಯಿ

ಸಿಂದಗಿಯ ಇಂಡಿ ರಸ್ತೆಯಲ್ಲಿರುವ ಕಾಶಿಬಾಯಿಯ ಅಂಗಡಿ ಗೊತ್ತಿಲ್ಲದ ಟ್ರ್ಯಾಕ್ಟರ್ ಮಾಲೀಕರು ಆ ಕಡೆ ಕಡಿಮೆ. ಸೀಟಿನ ಕವರ್, ಮೂರು ಗಾಲಿಯ ಟಂಟಂ ಗಾಡಿಗೆ ಬಟ್ಟೆಯ ಚಾವಣಿಯಾಗುವ ಹುಡ್, ಜೋಳದ ರಾಶಿ ಮುಚ್ಚುವ ತಾಡಪತ್ರಿ, ಹೀಗೆ ದಪ್ಪ ಬಟ್ಟೆಯ ಕೆಲಸ ಯಾವುದಿದ್ದರೂ ಅಲ್ಲಿಗೇ ಬರುತ್ತದೆ. ಆಕೆಗೆ ಈಗ ಐವತ್ತೆರಡು ವರ್ಷ. ಗಂಡ ಕಾಂತು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹೊಲಿಗೆ ಮಾತ್ರ ಗಂಡನ ಮನೆಯಿಂದ ಬಂದದ್ದಲ್ಲ, ತವರಿನದು. ತಂದೆ ಟಾಂಗಾಗಳಿಗೆ ಹುಡ್ ಹೊಲಿಯುತ್ತಿದ್ದರು. ಎಡಗೈಯಲ್ಲಿ ದಬ್ಬಣ ಹಿಡಿಯುತ್ತಿದ್ದ ಮಗಳನ್ನು ಬಲಗೈಗೆ ತಿರುಗಿಸಲು ಅವರು ಎರಡು ವರ್ಷ ಹೆಣಗಿದರು. ಆಗಲಿಲ್ಲ. ಟಾಂಗಾ ಹೋಗಿ ಟಂಟಂ ಬಂದಾಗ ತಂದೆಯ ಕಣ್ಣು ಮಂಜಾಗಿತ್ತು, ಮಗಳೇ ಅಂಗಡಿಯಲ್ಲಿ ಕೂತಳು.

ಮೊದಮೊದಲು ಜನ ಬಾಗಿಲಲ್ಲಿ ನಿಂತು ಒಳಗೆ ಗಂಡಸರು ಯಾರಾದರೂ ಇದ್ದಾರೆಯೇ ಎಂದು ಇಣುಕುತ್ತಿದ್ದರು. ಒಬ್ಬಾತ ನೇರವಾಗಿಯೇ ಕೇಳಿದ್ದ, "ಹೆಣ್ಮಕ್ಕಳು ಹುಡ್ ಹೊಲಿದ್ರ ಮಳಿ ತಡೀತೈತೇನು?" ಕಾಶಿಬಾಯಿ ಆತನ ಗಾಡಿಯ ಮೇಲೆ ಹತ್ತಿ, ಹುಡ್ ಬಿಗಿದು, ಎರಡು ಕೊಡ ನೀರು ಸುರಿದು, ಒಳಗೆ ಕೈಯಾಡಿಸಿ ನೋಡಲು ಹೇಳಿದಳು. ಆತ ಮರುವರ್ಷ ತಮ್ಮನ ಗಾಡಿಯನ್ನೂ ತಂದ.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ದೇವರ ಹಿಪ್ಪರಗಿಯಿಂದ ನಿವೃತ್ತ ದನದ ಡಾಕ್ಟರ್ ಗುರಪ್ಪನವರು ಬಸ್ಸಿನಲ್ಲಿ ಬಂದಿಳಿದರು. ಕಂಕುಳಲ್ಲಿ ಹಾಸಿಗೆಯಷ್ಟು ದೊಡ್ಡ ಗಂಟು. ಬಿಚ್ಚಿದರೆ ಒಳಗಿದ್ದದ್ದು ಕೊಳೆತು ಪುಡಿಯಾಗುತ್ತಿದ್ದ ಒಂದು ಕರಿ ಕ್ಯಾನ್ವಾಸ್.

"ಇದು ಕಾರಿನ ಹುಡ್, ತಂಗಿ. ಇಂಥಾದ್ದ ಒಂದು ಹೊಸಾದು ಬೇಕು. ಪುಣೆದಾಗ ಕೇಳಿದೆ, ಬೆಳಗಾವಿಯಾಗ ಕೇಳಿದೆ. ಯಾರೂ ಒಪ್ಪವಲ್ಲರು."

"ಯಾವ ಕಾರ್‍ರಿ ಸಾಹೇಬ್ರ?"

"ಕಾರ್ಬೆಲ್. ಇಂಗ್ಲೆಂಡಿಂದು. ಎರಡ ಸೀಟು."

ಆ ಹೆಸರನ್ನು ಕಾಶಿಬಾಯಿ ಕೇಳಿರಲಿಲ್ಲ. ಮರುದಿನವೇ ಕಾಂತುವಿನ ಬೈಕಿನ ಹಿಂದೆ ಕೂತು ಹಿಪ್ಪರಗಿಗೆ ಹೋದಳು. ಡಾಕ್ಟರ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ, ತೊಗರಿ ಚೀಲಗಳ ಪಕ್ಕ, ಸೊಂಟಕ್ಕಿಂತ ಎತ್ತರವಿಲ್ಲದ ಹಸಿರು ಕಾರೊಂದು ನಿಂತಿತ್ತು. ಉದ್ದನೆಯ ಮೂತಿ, ದುಂಡು ದೀಪಗಳು. ಸೊಲ್ಲಾಪುರದ ಗಿರಣಿ ಮಾಲೀಕರೊಬ್ಬರು ಒಂದು ಕಾಲಕ್ಕೆ ಹಡಗಿನಲ್ಲಿ ತರಿಸಿದ್ದಂತೆ. ಗಿರಣಿ ಮುಚ್ಚಿ, ಬಂಗಲೆ ಮಾರಾಟವಾದಾಗ ಕಾರು ಗುಜರಿಗೆ ಹೊರಟಿತ್ತು. ಅವರ ಕುದುರೆಗೆ ಮದ್ದು ಕೊಡಲು ಹೋಗುತ್ತಿದ್ದ ಗುರಪ್ಪನವರು ಅದನ್ನು ಎತ್ತಿನ ಗಾಡಿಗೆ ಕಟ್ಟಿ ಇಂಡಿಯವರೆಗೆ ಎಳೆಸಿ ತಂದರು. ಇಂಡಿಯಲ್ಲಿ ಲೇಥ್ ಮಷಿನ್ ಇಟ್ಟಿದ್ದ ಯುನೂಸ, ಸಿಗದ ಬಿಡಿಭಾಗಗಳನ್ನೆಲ್ಲ ತಾನೇ ಕಡೆದು, ಹನ್ನೊಂದು ವರ್ಷಕ್ಕೆ ಎಂಜಿನ್ ಶುರು ಮಾಡಿಕೊಟ್ಟ.

"ಈ ಕಂಪನಿ ಬಂದ್ ಆಗಿ ನಲವತ್ತು ವರ್ಷದ ಮ್ಯಾಲಾತು," ಎಂದು ಡಾಕ್ಟರು ಬಾನೆಟ್ಟಿನ ಮೇಲೆ ಕೈಯಿಟ್ಟು ಹೇಳಿದರು. "ಈಗ ಯಾರೋ ನಾಕ ಮಂದಿ ಹೆಸರು ತಗೊಂಡು ಮತ್ತ ಚಾಲೂ ಮಾಡಾಕತ್ಯಾರ. ಮಾಡೆಲ್ ಹಳೇದ, ಗಾಡಿ ಹೊಸಾದು. ಅದು ಹೊರಗ ಬರೂ ದಿನ ನನ್ನ ಗಾಡೀನೂ ಮೈತುಂಬ ಬಟ್ಟಿ ಹಾಕ್ಕೊಂಡು ನಿಂತಿರಬೇಕು."

ಕಾಯುತ್ತಿದ್ದವರು ಅವರೊಬ್ಬರೇ ಅಲ್ಲ. ಹತ್ತಾರು ದೇಶಗಳಲ್ಲಿ ಹಳೆಯ ಕಾರ್ಬೆಲ್ ಇಟ್ಟುಕೊಂಡವರು ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಅದರಲ್ಲಿ ನಮ್ಮ ಕಡೆಯವರು ಮೂವರು: ಡಾಕ್ಟರು, ಯುನೂಸ, ಮತ್ತು ಮುದ್ದೇಬಿಹಾಳದ ವಿಜ್ಞಾನ ಶಿಕ್ಷಕಿ ವಿಜಯಶ್ರೀ. ವಿಜಯಶ್ರೀಯ ಬಳಿ ಕಾರಿಲ್ಲ, ಸ್ಕೂಟಿ ಇದೆ. ಆಕೆಯ ಅಜ್ಜ ಆ ಗಿರಣಿ ಮಾಲೀಕರ ಡ್ರೈವರ್ ಆಗಿದ್ದರು. ಇದೇ ಕಾರಿನ ಪಕ್ಕ ಅಜ್ಜ ಟೋಪಿ ಹಾಕಿ ನಿಂತ ಫೋಟೋ ನೋಡುತ್ತಾ ಬೆಳೆದವಳು ಆಕೆ. ಗುಂಪಿನ ಇಂಗ್ಲಿಷನ್ನೆಲ್ಲ ಉಳಿದಿಬ್ಬರಿಗೆ ಕನ್ನಡದಲ್ಲಿ ಹೇಳುವ ಕೆಲಸ ಅವಳದು.

ಕಾಶಿಬಾಯಿ ಹಳೆಯ ಹುಡ್ಡನ್ನು ಹರಿಯಲಿಲ್ಲ. ಒಂದೊಂದೇ ಹೊಲಿಗೆ ಬಿಚ್ಚಿ, ತುಂಡುಗಳನ್ನು ಖಾಕಿ ಕಾಗದದ ಮೇಲೆ ಹಾಸಿ, ಸುತ್ತಲೂ ಪೆನ್ಸಿಲ್ ಎಳೆದು, "ಎಡ ಹಿಂದ", "ಬಲ ಹಿಂದ", "ನೆತ್ತಿ" ಎಂದು ಬರೆದಳು. ಬಿಚ್ಚುವಾಗ ಎರಡು ಸಂಗತಿ ಕಂಡವು. ಮೂಲೆಗಳಲ್ಲಿ ಮಷಿನ್ ತಲುಪದ ಕಡೆ ಹಾಕಿದ್ದ ಕೈಹೊಲಿಗೆ ಆಕೆಯದೇ ಹೊಲಿಗೆಯಂತೆ ಓರೆಯಾಗಿತ್ತು. ಬಲಗೈಯವರು ಹೊಲಿದರೆ ಓರೆ ಇನ್ನೊಂದು ಕಡೆಗೆ ಬೀಳುತ್ತದೆ.

"ಇದನ್ನ ಹೊಲಿದಾಕಿ ನನ್ನಂಗ ಎಡಚಿ ಇದ್ದಾಳ," ಎಂದು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು.

"ಆಕಿ ಅಂತ ಹ್ಯಾಂಗ ಗೊತ್ತು? ಗಂಡಸರೂ ಇರಬಹುದು."

"ಗೊತ್ತಿಲ್ಲ. ಹಂಗ ಅನಿಸ್ತು."

ಎರಡನೆಯದು, ಹಿಂದಿನ ಎರಡೂ ಮೂಲೆಗಳಲ್ಲಿ, ಅಸ್ತರಿನ ಒಳಗೆ, ಅರ್ಧಚಂದ್ರದ ಆಕಾರದಲ್ಲಿ ಒಂದು ಮಡಿಕೆ ಹಿಡಿದು ಹೊಲಿದಿತ್ತು. ಹೊರಗಿನಿಂದ ಕಾಣುತ್ತಿರಲಿಲ್ಲ, ಯಾತಕ್ಕೆಂದೂ ತಿಳಿಯಲಿಲ್ಲ. ಬಟ್ಟೆ ಹೆಚ್ಚಾಗಿದ್ದಕ್ಕೆ ಯಾರೋ ಒಳಗೆ ತುರುಕಿದ್ದಾರೆ ಎಂದುಕೊಂಡು ಕಾಶಿಬಾಯಿ ಹೊಸ ಹುಡ್ಡಿನಲ್ಲಿ ಅದನ್ನು ಬಿಟ್ಟಳು. ಬಟ್ಟೆ ನೀಟಾಗಿ ಕೂತಿತು. ಯುನೂಸ ಇಂಡಿಯಿಂದ ಬಂದು ಕಬ್ಬಿಣದ ಕಮಾನುಗಳಿಗೆ ಎಣ್ಣೆ ಬಿಟ್ಟ. ಹುಡ್ ಏರಿಸಿದರು, ಮಡಚಿದರು, ಮತ್ತೆ ಏರಿಸಿದರು. ನಾಲ್ಕನೇ ಸಲ ಮಡಚುವಾಗ ಹಿಂದಿನ ಕೀಲಿನಲ್ಲಿ ಬಟ್ಟೆ ಸಿಕ್ಕಿ ಗೇಣುದ್ದ ಹರಿಯಿತು.

ಡಾಕ್ಟರು ಸಮಾಧಾನಕ್ಕೆ, "ಇರಲಿ ತಂಗಿ, ಒಂದು ತ್ಯಾಪಿ ಹಾಕು. ಮಡಚೂದ ಬ್ಯಾಡ, ಹಂಗ ಬಿಡೂಣು," ಎಂದರು.

"ಇಲ್ರಿ. ತಪ್ಪು ನಂದೈತಿ. ಆಕಿ ಮಾಡಿದ್ದನ್ನ ನಾ ಬಿಟ್ಟೆ." ಹರಿದ ಹುಡ್ಡನ್ನು ಆಕೆಯೇ ಕಳಚಿ ಸುತ್ತಿಕೊಂಡಳು. "ಹದಿನೈದು ದಿನ ಕೊಡ್ರಿ."

ಆ ಹದಿನೈದು ದಿನದಲ್ಲಿ ಆ ಮಡಿಕೆ ಆಕೆಗೆ ಅರ್ಥವಾಯಿತು. ಹುಡ್ ಮಡಚುವಾಗ ಕೀಲು ಒಳಕ್ಕೆ ಬರುತ್ತದೆ, ಅಷ್ಟೊತ್ತಿಗೆ ಮಡಿಕೆ ಬಟ್ಟೆಯನ್ನು ಹೊರಕ್ಕೆ ಸರಿಸುತ್ತದೆ. ಅಂಗಡಿಯಲ್ಲಿ ಎರಡು ಕೊಡೆಕಡ್ಡಿ, ಒಂದು ತುಂಡು ಬಟ್ಟೆ ಇಟ್ಟುಕೊಂಡು ಮಾಡಿ ಮಾಡಿ ನೋಡಿದಳು. ಟಂಟಂ ಹುಡ್ಡುಗಳೆಲ್ಲ ಅದೇ ಜಾಗದಲ್ಲಿ ಹರಿಯುವುದೇಕೆ ಎಂಬುದೂ ತಿಳಿಯಿತು. ಮೂವತ್ತು ವರ್ಷ ಅವುಗಳಿಗೆ ತೇಪೆ ಹಾಕುತ್ತಲೇ ಬಂದಿದ್ದಳು.

ಎರಡನೇ ಹುಡ್ಡನ್ನು ಯುನೂಸ ಐವತ್ತು ಸಲ ಏರಿಸಿ ಇಳಿಸಿದ. ಎಲ್ಲೂ ಹಿಡಿಯಲಿಲ್ಲ. ಆ ಭಾನುವಾರ ಡಾಕ್ಟರು ಕಾರು ತೆಗೆದು, ಕಾಶಿಬಾಯಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಬಸವನ ಬಾಗೇವಾಡಿಗೆ ಹೊರಟರು. ಯುನೂಸ ಹಿಂದೆ ಬೈಕಿನಲ್ಲಿ. ವಿಜಯಶ್ರೀ ಮುದ್ದೇಬಿಹಾಳದಿಂದ ಬಾಗೇವಾಡಿಗೆ ಬಂದು ಸೇರುವ ಮಾತಾಗಿತ್ತು. ನೆಲಕ್ಕೆ ಅಷ್ಟು ಹತ್ತಿರ ಕೂತು ಕಾಶಿಬಾಯಿ ಎಂದೂ ಪ್ರಯಾಣ ಮಾಡಿರಲಿಲ್ಲ. ತೊಗರಿಯ ಸಾಲು ಕಣ್ಣಿನ ಮಟ್ಟದಲ್ಲಿ ಓಡುತ್ತಿತ್ತು. ಇಂಗಳೇಶ್ವರದ ಹತ್ತಿರ ಹನಿ ಬೀಳಲು ಶುರುವಾಯಿತು. ಡಾಕ್ಟರು ಗಾಡಿ ನಿಲ್ಲಿಸುವುದರೊಳಗೆ ಆಕೆ ಇಳಿದು ಹುಡ್ ಎಳೆದು ಬಿಗಿದಾಗಿತ್ತು. ಮಳೆ ಜೋರಾಗಿಯೇ ಹೊಡೆಯಿತು. ಯುನೂಸ ಬೈಕ್ ಬಿಟ್ಟು ಬೇವಿನ ಮರದ ಕೆಳಗೆ ನಿಂತು ತೊಯ್ಯುತ್ತಾ, "ಒಳಗ ಹ್ಯಾಂಗೈತ್ರಿ?" ಎಂದು ಕೂಗಿದ.

"ಒಂದ ಹನಿ ಇಲ್ಲ," ಎಂದರು ಡಾಕ್ಟರು. ಅವರ ಕಣ್ಣು ಒದ್ದೆಯಾಗಿದ್ದನ್ನು ಕಾಶಿಬಾಯಿ ನೋಡಿದರೂ ನೋಡದಂತೆ ಕೂತಳು.

ಬಾಗೇವಾಡಿಯಲ್ಲಿ ವಿಜಯಶ್ರೀ ಕಾರಿನ ಸುತ್ತ ಎರಡು ಸಲ ತಿರುಗಿ, ಫೋಟೋ ತೆಗೆದು ಗುಂಪಿಗೆ ಹಾಕಿದಳು. ಬಹಳ ಮಂದಿ ಮೆಚ್ಚಿದರು. ಅಲ್ಲಿಂದ ಮುಂದೆ ಕಾಶಿಬಾಯಿಯೂ ಕಾಯುವವರ ಲೆಕ್ಕಕ್ಕೆ ಸೇರಿದಳು. ಹೊಸ ಕಾರಿನ ಸುದ್ದಿ ಬಂದಾಗಲೆಲ್ಲ ವಿಜಯಶ್ರೀ ಆಕೆಗೂ ಫೋನ್ ಮಾಡುತ್ತಿದ್ದಳು. ಇವತ್ತು ಚಾಸಿ ಸಿದ್ಧವಾಯಿತು, ಇವತ್ತು ಬಣ್ಣ ತೀರ್ಮಾನವಾಯಿತು, ಹಳೆಯ ಹಸಿರೇ ಅಂತೆ.

ಹೊಸ ಕಾರು ಹೊರಬರುವ ದಿನವನ್ನು ಕಂಪನಿಯವರು ಒಮ್ಮೆ ಮುಂದಕ್ಕೆ ಹಾಕಿದರು. ಆರು ತಿಂಗಳ ಮೇಲೆ ಮತ್ತೆ ಹಾಕಿದರು. ಗುಂಪಿನಲ್ಲಿ ಗೊಣಗಾಟ ಶುರುವಾಯಿತು. ಇದೆಲ್ಲ ಆಗದ ಮಾತು, ಹೆಸರು ಮಾರಿಕೊಳ್ಳುವ ಆಟ ಎಂದು ಕೆಲವರು ಬಿಟ್ಟೇ ಹೋದರು. ಯುನೂಸನಿಗೂ ಬೇಸರ ಬಂದಿತ್ತು. ಡಾಕ್ಟರು ಮಾತ್ರ ದಿನಾ ಬೆಳಿಗ್ಗೆ ಕಾರು ಒರೆಸುವುದನ್ನು ನಿಲ್ಲಿಸಲಿಲ್ಲ.

ಕಳೆದ ದೀಪಾವಳಿ ಮುಗಿದ ವಾರ ವಿಜಯಶ್ರೀ ಸಿಂದಗಿಗೇ ಬಂದಳು. "ಕಾಶಕ್ಕ, ಈಗ ಯಾಕ ತಡಾ ಆಗೈತಿ ಗೊತ್ತೇನು? ಹುಡ್. ಹಳೇ ಫ್ಯಾಕ್ಟರಿ ನಕ್ಷಾ ಸಿಕ್ಕಾವಂತ, ಅದರ ಪ್ರಕಾರನ ಹೊಲಿಸ್ಯಾರ. ಮಡಚಿದಾಗ ಹರಿಯಾಕತ್ತೈತಿ. ಮೂರು ಸಲ ಮಾಡಿ ನೋಡ್ಯಾರ."

ಫೋನಿನಲ್ಲಿ ಹರಿದ ಹುಡ್ಡಿನ ಫೋಟೋ ಇತ್ತು. ಕಾಶಿಬಾಯಿ ಕನ್ನಡಕ ಏರಿಸಿ ನೋಡಿದಳು. ಹಿಂದಿನ ಮೂಲೆ, ಗೇಣುದ್ದ.

"ಟೀಚರ, ಇವರು ನಾ ಮಾಡಿದ ತಪ್ಪ ಮಾಡ್ಯಾರ," ಎಂದು ಆಕೆ ಎದ್ದು ಅಟ್ಟದ ಮೇಲಿಂದ ಖಾಕಿ ಕಾಗದದ ಸುರುಳಿ ಇಳಿಸಿದಳು. "ನಕ್ಷಾದಾಗ ಆ ಮಡಿಕಿ ಇರೂದಿಲ್ಲ. ಹೊಲಿದಾಕಿ ಕೈಯಾಗ ಇತ್ತು ಅದು."

ಕಾಗದಗಳನ್ನು ಅಂಗಡಿಯ ನೆಲದ ಮೇಲೆ ಹಾಸಿ ಇಬ್ಬರೂ ಫೋಟೋ ತೆಗೆದರು. ಮಡಿಕೆ ಹೇಗೆ ಹಿಡಿಯಬೇಕೆಂದು ಕಾಶಿಬಾಯಿ ಕೊಡೆಕಡ್ಡಿ ಇಟ್ಟು ಮಾಡಿ ತೋರಿಸಿದ್ದನ್ನೂ ವಿಜಯಶ್ರೀ ವಿಡಿಯೋ ಮಾಡಿದಳು. ಕಳಿಸುವ ಮೊದಲು, "ಏನರ ಕೇಳಬೇಕೇನಕ್ಕ ಇದಕ್ಕ? ಸುಮ್ನ ಕೊಡಬ್ಯಾಡ," ಎಂದಳು.

ಕಾಶಿಬಾಯಿ ಯೋಚಿಸಿ ಹೇಳಿದಳು, "ಇದನ್ನ ಮೊದಲ ಹೊಲಿದವರು ಯಾರು ಅಂತ ಹುಡುಕಿ ಹೇಳಂತ ಬರಿ. ಹಳೇ ಹುಡ್ಡಿನ ಅಸ್ತರ ಇನ್ನೂ ಇಟ್ಟೇನಿ, ಅದರಾಗ ಪೆನ್ಸಿಲ್‍ಲೆ ಏನೋ ಎರಡು ಅಕ್ಷರ ಬರದೈತಿ. ಅದರ ಫೋಟೋನೂ ಹಾಕು."

ಎರಡು ಅಕ್ಷರ ಡಿ ಮತ್ತು ಪಿ. ಉತ್ತರ ಬರಲು ಐದು ವಾರ ಹಿಡಿಯಿತು. ಹಳೆಯ ಕೆಲಸಗಾರರ ಪಟ್ಟಿಯಲ್ಲಿ ಗುಂಪಿನವರು ಹುಡುಕಿ ತೆಗೆದ ಹೆಸರು ಡೋರೀನ್, ಪಿ ಆಕೆಯ ಮನೆತನದ ಹೆಸರಿನ ಮೊದಲಕ್ಷರ. ಫ್ಯಾಕ್ಟರಿಯ ಹೊಲಿಗೆ ಕೋಣೆಯಲ್ಲಿ ಹದಿನಾಲ್ಕು ವರ್ಷ ದುಡಿದವಳು. ಬದುಕಿದ್ದಳು, ಎಂಬತ್ತೇಳು ವರ್ಷ.

ಒಂದು ಭಾನುವಾರ ನಾಲ್ಕು ಗಂಟೆಗೆ ಡಾಕ್ಟರ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ಡೋರೀನಳಿಗೆ ವಿಡಿಯೋ ಕರೆ ಹಚ್ಚಿದರು, ಇಂಗ್ಲೆಂಡಿನಲ್ಲಿ ಇನ್ನೂ ಬೆಳಿಗ್ಗೆ. ಪರದೆಯ ಮೇಲೆ ಬಿಳಿಗೂದಲಿನ ತೆಳ್ಳನೆಯ ಮುದುಕಿ ಕಂಡಳು. ಎಲ್ಲರೂ ನಮಸ್ಕಾರ ಮಾಡಿದರು. ಆಗ ಕಾಶಿಬಾಯಿ ಎಡಗೈ ಎತ್ತಿ, ಸೂಜಿ ಹಿಡಿದಂತೆ ಬೆರಳು ಕೂಡಿಸಿ ತೋರಿಸಿದಳು. ಮುದುಕಿ ನಕ್ಕು ತನ್ನ ಎಡಗೈಯನ್ನೂ ಎತ್ತಿದಳು. ಬೆರಳುಗಳು ಸೊಟ್ಟಗಾಗಿದ್ದವು.

ಮುಂದಿನದನ್ನು ವಿಜಯಶ್ರೀ ಕನ್ನಡದಲ್ಲಿ ಹೇಳುತ್ತಾ ಹೋದಳು. ಆ ಮಡಿಕೆ ಡೋರೀನಳದೇ ಉಪಾಯವಾಗಿತ್ತು. ಮೇಸ್ತ್ರಿಗೆ ಹೇಳಿದರೆ ಬಟ್ಟೆ ದಂಡ, ನಕ್ಷೆಯಂತೆ ಹೊಲಿ ಎಂದನಂತೆ. ಆಕೆ ವಾದ ಮಾಡದೆ ಅಸ್ತರಿನೊಳಗೆ ಮುಚ್ಚಿ ಹೊಲಿದಳು. ಪಕ್ಕದ ಹೆಂಗಸರಿಗೂ ಕಲಿಸಿದಳು. ಆಮೇಲೆ ಹುಡ್ ಹರಿದ ದೂರು ನಿಂತವು. ಯಾಕೆಂದು ಯಾರೂ ಕೇಳಲಿಲ್ಲ.

"ನೀವು ಯಾರಿಗೂ ಹೇಳಲಿಲ್ಲೇನ್ರಿ?" ಎಂದು ಕಾಶಿಬಾಯಿ ಕೇಳಿದಳು.

ಡೋರೀನ್ ಏನೋ ಹೇಳಿದಳು. ವಿಜಯಶ್ರೀ ತಿಳಿಸಿದಳು: "ಬಿಚ್ಚಿ ನೋಡಿದವರಿಗೆ ತಿಳೀತೈತಿ ಅಂತ ಬಿಟ್ಟಿದ್ದೆ ಅಂತಾರ. ಅರವತ್ತು ವರ್ಷಕ್ಕ ನೀನ ಮೊದಲು ಬಿಚ್ಚಿ ನೋಡಿದಾಕಿ ಅಂತ."

ಕಾಶಿಬಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಮೊದಲ ಸಲ ತಾನೂ ಅದನ್ನು ಬಿಟ್ಟಿದ್ದೆ ಎಂದು ಒಪ್ಪಿಕೊಂಡಳು. ಅದನ್ನು ಕೇಳಿ ಮುದುಕಿ ಜೋರಾಗಿ ನಕ್ಕಳು, ಕೆಮ್ಮು ಬರುವಷ್ಟು.

ಮಾರ್ಚಿನಲ್ಲಿ ಕಂಪನಿಯಿಂದ ಡಾಕ್ಟರ ವಿಳಾಸಕ್ಕೆ ಒಂದು ದೊಡ್ಡ ಪಾರ್ಸೆಲ್ ಬಂತು. ಒಳಗೆ ಕರಿ ಕ್ಯಾನ್ವಾಸ್, ಅಸ್ತರು, ದಾರ, ಗುಂಡಿಗಳು, ಜೊತೆಗೆ ಒಂದು ಪತ್ರ. ಮೊದಲ ಕಾರಿನ ಹುಡ್ಡನ್ನು ಮಾದರಿಯಾಗಿ ಕಾಶಿಬಾಯಿಯೇ ಹೊಲಿದು ಕಳಿಸಬೇಕು, ಉಳಿದವನ್ನು ಅಲ್ಲಿ ಡೋರೀನಳ ಎದುರು ಅದನ್ನು ನೋಡಿ ಹೊಲಿಯುತ್ತಾರೆ ಎಂದು ಬರೆದಿದ್ದರು. ಮಡಿಕೆಯನ್ನು ಈ ಸಲ ನಕ್ಷೆಯಲ್ಲೂ ಸೇರಿಸಿದ್ದರು, ಪಕ್ಕದಲ್ಲಿ ಇಬ್ಬರ ಹೆಸರಿತ್ತು. ಕಾರು ಹೊರಬರುವ ತಿಂಗಳು ಮತ್ತೆ ತೀರ್ಮಾನವಾಗಿದೆ, ಬರುವ ಸೆಪ್ಟೆಂಬರ್. ಈ ಸಲವೂ ಮುಂದೆ ಹೋಗಬಹುದು ಎಂದು ಯುನೂಸ ಹೇಳುತ್ತಾನೆ. ಹಾಗೆ ಹೇಳುತ್ತಲೇ ಬಿಟ್ಟುಹೋದವರಿಗೆಲ್ಲ ಫೋನ್ ಹಚ್ಚಿ ಮತ್ತೆ ಗುಂಪಿಗೆ ಸೇರಿಸುತ್ತಿದ್ದಾನೆ.

ಕಾಶಿಬಾಯಿ ಬೆಳಿಗ್ಗೆ ಟ್ರ್ಯಾಕ್ಟರ್ ಸೀಟುಗಳನ್ನು ಮುಗಿಸಿ, ಮಧ್ಯಾಹ್ನ ಕೈ ತೊಳೆದು ಆ ಬಟ್ಟೆ ತೆಗೆಯುತ್ತಾಳೆ. ಡಾಕ್ಟರು ದಿನಾ ಮೂರು ಗಂಟೆಗೆ ತಪ್ಪದೆ ಫೋನ್ ಮಾಡುತ್ತಾರೆ. "ಎಲ್ಲಿಗೆ ಬಂತು ತಂಗಿ?"

"ಎಡಗಡಿ ಮುಗೀತ್ರಿ ಸಾಹೇಬ್ರ. ಬಲಗಡಿ ನಾಳೆ ಹಿಡೀತೇನಿ."