ಕಾಂಪೌಂಡಿಲ್ಲದ ಸ್ಕೂಲು

ತೊಂಡೆ ಸೊಪ್ಪಿನ ವಾಸನೆಯನ್ನು ಯಾವ ಪುಣ್ಯಾತ್ಮನೂ ಇದುವರೆಗೆ ಸುಗಂಧಗಳ ಸಾಲಿಗೆ ಸೇರಿಸಿದ್ದನ್ನು ನಾನು ಕಂಡಿಲ್ಲ. ಹಸಿಹಸಿಯಾದ, ಒಂದಿಷ್ಟು ಕಹಿಯಾದ, ಮೂಗಿಗಿಂತ ಗಂಟಲಿಗೇ ಹೆಚ್ಚು ತಾಕುವ ವಾಸನೆ ಅದು. ಮೊನ್ನೆ ಪಲ್ಯಕ್ಕೆಂದು ಹಿತ್ತಲ ಬೇಲಿಯ ಬಳ್ಳಿಯಿಂದ ಕಾಯಿ ಕೀಳುವಾಗ ಎಲೆಯೊಂದು ಬೆರಳ ಸಂದಿಯಲ್ಲಿ ಸಿಕ್ಕಿ ನುರಿದುಹೋಯಿತು. ಅಷ್ಟೇ ಆದದ್ದು. ಮರುಗಳಿಗೆಯಲ್ಲಿ ನಾನು ಪುರವರದ ಕಡೆಯ ನಮ್ಮ ಹಳ್ಳಿಯ ಸರ್ಕಾರಿ ಸ್ಕೂಲಿನ ಜಗಲಿಯ ಮೇಲೆ, ಮೊಣಕೈವರೆಗೂ ಮಸಿ ಮಾಡಿಕೊಂಡು ಕೂತಿದ್ದೆ. ಆ ಕಾಲದಲ್ಲಿ ಸರ್ಕಾರ ನಮಗೆ ಬೋರ್ಡು ಕೊಟ್ಟಿತ್ತೇ ಹೊರತು ಅದರ ಕಪ್ಪನ್ನು ಕೊಟ್ಟಿರಲಿಲ್ಲ. ಕಪ್ಪು ನಾವೇ ಮಾಡಿಕೊಳ್ಳಬೇಕಾಗಿತ್ತು. ಮುದ್ದೆ ಬೇಯಿಸಿದ ಒಲೆಯ ಇದ್ದಿಲು, ಬೇಲಿಯ ತೊಂಡೆ ಸೊಪ್ಪು, ಎರಡನ್ನೂ ಒರಳಿಗೆ ಹಾಕಿ ಅರೆದು, ಬಟ್ಟೆಯುಂಡೆಯಲ್ಲಿ ಅದ್ದಿ ಬೋರ್ಡಿಗೆ ಬಳಿದರೆ, ಒಣಗಿದ ಮೇಲೆ ಅದರ ಮೇಲೆ ಬಿದ್ದ ಸೀಮೆಸುಣ್ಣದ ಅಕ್ಷರ ಅಮಾವಾಸ್ಯೆಯ ಆಕಾಶದ ಚುಕ್ಕಿಯ ಹಾಗೆ ಹೊಳೆಯುತ್ತಿತ್ತು. ಲೋಕದಲ್ಲಿ ವಿದ್ಯೆಯನ್ನು ಬೆಳಕಿಗೆ ಹೋಲಿಸುವ ಪದ್ಧತಿಯಿದೆ. ನನ್ನ ಮಟ್ಟಿಗೆ ಅದು ಮೊದಲು ಮಸಿಯಾಗಿಯೇ ಬಂದದ್ದು.

ನಮ್ಮ ಮನೆ ಸ್ಕೂಲಿನ ಎದುರಿಗೇ ಇತ್ತು. ಮನೆ ಎನ್ನುವುದಕ್ಕಿಂತ, ಕುರಿಗಳ ವಾಸಸ್ಥಾನಕ್ಕೆ ಅಂಟಿಕೊಂಡಂತೆ ಮನುಷ್ಯರಿಗೂ ಒಂದಿಷ್ಟು ಜಾಗ ಬಿಟ್ಟುಕೊಟ್ಟಿದ್ದರು ಎಂದರೆ ಸರಿಯಾದೀತು. ಮುಂದೆ ಮುಳ್ಳುಬೇಲಿಯ ರೊಪ್ಪ, ಅದರಲ್ಲಿ ಕುರಿ. ಹಿಂದೆ ತಗ್ಗಿದ ಬಾಗಿಲ ಮನೆ, ಅದರಲ್ಲಿ ನಾವು. ಒಳಗೆ ಕಂಬಳಿಯ ವಾಸನೆ, ಹಾಲು ಉಕ್ಕಿ ಒಲೆಗೆ ಸುರಿದ ವಾಸನೆ, ಗೋಡೆಗೆ ಆತುಕೊಂಡ ರಾಗಿ ಮೂಟೆಯ ಬೆಚ್ಚನೆಯ ವಾಸನೆ. ಅಪ್ಪ ಶಿರಾ ಸಂತೆಗೂ ಮಧುಗಿರಿ ಸಂತೆಗೂ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಅಮ್ಮ ಮನೆಯೊಳಗಿನ ಸಕಲ ಕೆಲಸವನ್ನೂ ಮಾಡುತ್ತಿದ್ದಳು. ರಾಜ್ಯಭಾರ ಮಾತ್ರ ಅಪ್ಪನ ತಾಯಿ, ನಮ್ಮಜ್ಜಿಯದು. ಅವಳ ಸಿಂಹಾಸನ ಬಾಗಿಲ ಪಕ್ಕದ ಕಲ್ಲು, ರಾಜಲಾಂಛನ ಹೆಗಲ ಕಂಬಳಿ, ಸೈನ್ಯ ರೊಪ್ಪದ ತುಂಬ ಇತ್ತು. ನಿಮ್ಮ ಮನೆಯಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ಇದ್ದಿದ್ದರೆ ನಾನು ಹೇಳುವುದು ಅರ್ಥವಾಗುತ್ತದೆ. ಇರದಿದ್ದರೆ ನಿಮ್ಮನ್ನು ಕಂಡು ಮರುಗುವುದಲ್ಲದೆ ನಾನು ಇನ್ನೇನು ಮಾಡಲಿ.

ನನ್ನ ತಮ್ಮ ರಂಗನನ್ನು ಮಧುಗಿರಿಯ ಒಂದು ಕಾನ್ವೆಂಟಿಗೆ ಹಾಕಿದರು. ಗಂಡುಮಗ, ವಂಶೋದ್ಧಾರಕ, ಇಂಗ್ಲಿಷ್ ಕಲಿಯಲಿ ಎಂದು ಅಪ್ಪನ ಆಸೆ. ನಾನು ಅದಾಗಲೇ ಎದುರಿನ ಸ್ಕೂಲಿನಲ್ಲಿ ಮೂರು ಕ್ಲಾಸು ದಾಟಿದ್ದೆ. ನನ್ನನ್ನು ಯಾರೂ ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ. ಬೆಳಿಗ್ಗೆ ಒಂದು ವ್ಯಾನು ಬಂದು ಪೋಂಯ್ ಎನ್ನುತ್ತಿತ್ತು. ರಂಗ ಟೈ ಕಟ್ಟಿಕೊಂಡು, ಬೂಟು ಹಾಕಿಕೊಂಡು, ನೇಣಿಗೆ ಹೋಗುವವನ ಗಾಂಭೀರ್ಯದಿಂದ ಹತ್ತುತ್ತಿದ್ದ. ಅಜ್ಜಿಯ ನಾಲಿಗೆಗೆ ಕಾನ್ವೆಂಟು ಎಂಬ ಮಾತು ಹತ್ತಲೇ ಇಲ್ಲ. ಅವಳಿಗೆ ಗೊತ್ತಿದ್ದ ಇಂಗ್ಲಿಷ್ ಮಾತುಗಳಲ್ಲಿ ಅದಕ್ಕೆ ಹತ್ತಿರದ ನೆಂಟನ ಹಾಗೆ ಕಂಡದ್ದು ಕಾಂಪೌಂಡು.

“ನಮ್ ರಂಗ ಕಾಂಪೌಂಡ್ ಸ್ಕೂಲಾಗೆ ಓದ್ತಾನೆ ಕಣಮ್ಮ” ಎಂದು ಊರೆಲ್ಲ ಸಾರಿದಳು.

“ಅಜ್ಜೀ, ಕಾಂಪೌಂಡಲ್ಲ, ಕಾನ್ವೆಂಟು” ಎಂದು ರಂಗ ಕಾಲು ಬಡಿಯುತ್ತಿದ್ದ.

“ಅದೇ ಕಣ್ಲಾ ನಾನೂ ಅಂದಿದ್ದು. ಕಾಂಪೌಂಡು.”

ಅವನು ಟೀಚರನ್ನು ಮಿಸ್ಸು ಎನ್ನುವುದೂ ಅವಳಿಗೆ ವಿಚಿತ್ರವಾಗಿತ್ತು. “ಮಿಸ್ಸು ಅಂತಾನೆ. ಪಾಪ, ಆಯಮ್ಮಂಗೆ ಯಾವಾಗ್ಲೂ ಬಸ್ಸು ಮಿಸ್ಸಾಯ್ತದೇನೋ.” ಸಂಜೆಯಾದರೆ ಒಂದೇ ಬುಡ್ಡಿ ದೀಪದ ಆಚೆಗೆ ಖಾಸಗಿ ಶಿಕ್ಷಣ, ಈಚೆಗೆ ಸರ್ಕಾರಿ ಶಿಕ್ಷಣ ಕೂರುತ್ತಿದ್ದವು. ಅವನು ರೇನು ರೇನು ಗೋವೇ ಎಂದು ಶುರು ಮಾಡಿದರೆ ನಾನು ಹದಿಮೂರರ ಮಗ್ಗಿಯಿಂದ ಎದುರಿಸುತ್ತಿದ್ದೆ. ಮಳೆಯೇ ಕಾಣದ ನಮ್ಮ ಸೀಮೆಯಲ್ಲಿ ಮಳೆಗೆ ಹೋಗು ಎಂದು ಹೇಳಿಕೊಡುವ ಆ ಪದ್ಯದ ಅರ್ಥ ಅಜ್ಜಿಗೆ ತಿಳಿಯದೇ ಹೋದದ್ದು ಕಾನ್ವೆಂಟಿನ ಪುಣ್ಯ.

ಹೀಗಿರುವಾಗ, ನಾನು ನಾಲ್ಕು ಮುಗಿಸಿ ಐದಕ್ಕೆ ಹೋಗಬೇಕಾದ ವರ್ಷ, ಬೇಸಿಗೆ ರಜೆಗೆ ಸ್ವಲ್ಪ ಮುಂಚೆ, ಅಜ್ಜಿ ಒಂದು ದಿನ ಮುದ್ದೆ ಮುರಿಯುತ್ತಾ ಅಪ್ಪನಿಗೆ ಹೇಳಿದಳು: “ಲೇ, ಗಂಡಿಗೊಂದ್ ಸ್ಕೂಲು, ಎಣ್ಣಿಗೊಂದ್ ಸ್ಕೂಲು ಯಾಕ್ಲಾ? ಇಬ್ರೂ ಒಂದೇ ಮಡಕೆ ಮುದ್ದೆ ತಿನ್ನಾಕಿಲ್ವಾ? ಮಂಜೀನೂ ಕಾಂಪೌಂಡಿಗೇ ಹಾಕು.” ನ್ಯಾಯವೆಂದರೆ ನ್ಯಾಯವೇ. ಸುತ್ತಮುತ್ತ ಯಾವ ಮನೆಯ ಹೆಂಗಸೂ ಅಂದು ಎತ್ತದ ಮಾತನ್ನು ಅವಳು ಎತ್ತಿದ್ದಳು. ಅಪ್ಪ ಮರುಮಾತಿಲ್ಲದೆ ಒಪ್ಪಿದ. ಒಪ್ಪದೆ ಹೋದವಳು ಆ ನ್ಯಾಯದ ಫಲಾನುಭವಿಯಾದ ನಾನು ಒಬ್ಬಳೇ. ನನಗೆ ನನ್ನ ಸ್ಕೂಲು ಬೇಕಾಗಿತ್ತು. ಅಲ್ಲಿ ಬೋರ್ಡಿಗೆ ಮಸಿ ಅರೆಯುವ ಗುಂಪಿಗೆ ನಾನು ಮುಖಂಡಳಾಗಿದ್ದೆ. ಅಧಿಕಾರ ಬಿಟ್ಟುಕೊಡುವುದು ದೊಡ್ಡವರಿಗೇ ಕಷ್ಟ. ನಾನು ಅತ್ತುಬಿಟ್ಟೆ. ಒಂದು ಹೊತ್ತು ಉಣ್ಣದೆ ಮಲಗಿದೆ. ಅಜ್ಜಿ ನನ್ನ ತಲೆ ಸವರಿ, “ಅಳ್ಬ್ಯಾಡ ಸುಮ್ಕಿರೇ. ಎಲ್ಡೂ ನಾನೇ ಕಣ್ಣಾರೆ ನೋಡ್ತೀನಿ. ಯಾವ್ದು ಮೇಲೋ ಅದಕ್ಕೆ ನೀನು” ಎಂದಳು. ಹೀಗೆ, ನನ್ನ ಜನ್ಮದ ಪ್ರಶ್ನೆಯ ಮೇಲೆ, ಏಕಸದಸ್ಯ ತನಿಖಾ ಆಯೋಗ ರಚನೆಯಾಯಿತು.

ಆಯೋಗ ಮೊದಲು ಮಧುಗಿರಿಗೆ ಬಸ್ಸು ಹತ್ತಿತು, ಜೊತೆಗೆ ನಾನು. ಬೆಟ್ಟ ಬರಬರುತ್ತಾ ದೊಡ್ಡದಾಗಿ ಕೊನೆಗೆ ಆಕಾಶವನ್ನೆಲ್ಲ ತುಂಬಿಕೊಂಡಿತು. ಅದರ ನೆರಳಿನ ಕಡೆಯಲ್ಲಿ ಕಾನ್ವೆಂಟು. ಸುತ್ತ ಎತ್ತರದ ಗೋಡೆ, ಗೋಡೆಯ ನೆತ್ತಿಗೆ ಗಾಜಿನ ಚೂರು, ಮುಂದೆ ಕಬ್ಬಿಣದ ಗೇಟು. ಅಜ್ಜಿ ನಿಂತು ಆ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. “ನೋಡ್ದೇನೇ, ಕಾಂಪೌಂಡು! ನಾನು ಸರಿಯಾಗೇ ಅಂದಿದ್ದೆ. ಅವ್ನೇ ನನ್ ನಾಲ್ಗೆ ತಿದ್ದಾಕ್ ಬಂದ.” ಗೇಟಿನವನನ್ನು ಕೇಳಿದಳು: “ಗಾಜು ಯಾಕಪ್ಪ ಸಿಗ್ಸಿದ್ದೀರಿ? ಒಳಗಿರೋವು ತಪ್ಪಿಸ್ಕಂತವೆ ಅಂತಲೋ, ಒರಗಿರೋವು ನುಗ್ತವೆ ಅಂತಲೋ?” ಅವನಿಗೆ ಅದು ಯಾವತ್ತೂ ಹೊಳೆದಿರಲಿಲ್ಲವೆಂದು ಕಾಣುತ್ತದೆ, ಗಾಜಿನ ಕಡೆಗೇ ನೋಡುತ್ತ ನಿಂತ. ಒಳಗೆ ಮಿಸ್ಸು ಒಳ್ಳೆಯ ಹೆಂಗಸು, ಸುಳ್ಳು ಹೇಳಬಾರದು. ಅಜ್ಜಿಗೆ ಕುರ್ಚಿ ಕೊಟ್ಟರು, ಗಾಜಿನ ಲೋಟದಲ್ಲಿ ನೀರು ಕೊಟ್ಟರು. ನನ್ನ ಹೆಸರು ಕೇಳಿದರು, ಲೆಕ್ಕ ಕೇಳಿದರು. ನಾನು ಪ್ರಾರ್ಥನೆಯಲ್ಲಿ ಕೂಗುವ ಗಂಟಲಿನಲ್ಲೇ ಹೇಳಿದಾಗ ಕಿವಿ ಮುಚ್ಚಿಕೊಳ್ಳದೆ ನಕ್ಕರು. ಸೇರಿಸಿಕೊಳ್ಳುತ್ತೇವೆ ಎಂದರು. ನಾನು ಅಜ್ಜಿಯ ಕಂಬಳಿಯ ತುದಿ ಹಿಡಿದು ಬಾಗಿಲ ಕಡೆಗೆ ಎಳೆದೆ.

ಹೊರಡುವ ಮೊದಲು ಅಜ್ಜಿ ಮೊಮ್ಮಗನನ್ನು ನೋಡಬೇಕೆಂದಳು. ಕ್ಲಾಸಿನ ಒಳಗೆ ಹೋಗುವ ಹಾಗಿಲ್ಲ, ಕಿಟಕಿಯಿಂದ ನೋಡಿ ಎಂದರು. ಅಲ್ಲಿ ಕನ್ನಡ ಮಾತಾಡುವ ಹಾಗೂ ಇರಲಿಲ್ಲ. ಕಿಟಕಿಯ ಸರಳಿನಾಚೆ ಕಂಬಳಿ ಹೊದ್ದ ಅಜ್ಜಿಯನ್ನು ಕಂಡ ರಂಗ ಎದ್ದು ನಿಂತ. ಅಜ್ಜೀ ಎಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಆಮೇಲೆ ಕೈಕಟ್ಟಿ ಸಾವಕಾಶವಾಗಿ, ಒಂದೊಂದೇ ಕಲ್ಲು ಎತ್ತಿಡುವವನ ಹಾಗೆ, “ಮಿಸ್, ಮೈ ಗ್ರ್ಯಾಂಡ್‌ಮದರ್ ಈಸ್ ಕಮಿಂಗ್” ಎಂದ.

“ಏನಂದ್ನೇ?” ಅಜ್ಜಿ ನನ್ನನ್ನು ಕೇಳಿದಳು.

“ಅಜ್ಜಿ ಬಂದೈತೆ ಅಂದ.”

“ಅದ್ನ ಅಷ್ಟುದ್ದ ಯಾಕಂದ?”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಹಿಂದೆ ಸರಿಯುವ ಬೆಟ್ಟವನ್ನೇ ನೋಡುತ್ತ ಕೂತಳು. ಅವಳ ಮನಸ್ಸಿನಲ್ಲಿದ್ದದ್ದು ಕುರ್ಚಿಯ ಗೌರವವೋ ಕಿಟಕಿಯ ಸರಳೋ ಎಂದು ನಾನು ಊಹಿಸಲಾರದೆ ಹೋದೆ.

ನಮ್ಮ ಸ್ಕೂಲಿನ ತನಿಖೆ ಮಾರನೆಯ ದಿನ. ಇದಕ್ಕೆ ಗೇಟು ದಾಟುವ ಕಷ್ಟವಿರಲಿಲ್ಲ, ಏಕೆಂದರೆ ಗೇಟೇ ಇರಲಿಲ್ಲ. ಗೋಡೆಯೂ ಇರಲಿಲ್ಲ. ಬಯಲು ಎಲ್ಲಿ ಮುಗಿದು ಸ್ಕೂಲು ಎಲ್ಲಿ ಶುರುವಾಗುತ್ತದೆಂದು ಸರ್ಕಾರಕ್ಕೂ ಗೊತ್ತಿರಲಿಲ್ಲ, ಕುರಿಗಳಿಗೂ ಗೊತ್ತಿರಲಿಲ್ಲ. ನಾವು ಕಣ್ಣು ಮುಚ್ಚಿ ಪ್ರಾರ್ಥನೆ ಹೇಳುತ್ತಿದ್ದಾಗ ಸಾಲುಗಳ ನಡುವೆ ಬೆಚ್ಚಗೆ ಏನೋ ಸವರಿಕೊಂಡು ಹೋಯಿತು. ಕಣ್ಣು ಬಿಟ್ಟರೆ ನಮ್ಮ ರೊಪ್ಪದ ಇಡೀ ಸಂಸಾರ, ಅದರ ಹಿಂದೆ ಕೋಲು ಹಿಡಿದ ಅಜ್ಜಿ. ನಮ್ಮ ಮೇಷ್ಟ್ರು ಪಾವಗಡದ ಆಚೆ, ನಾಗಲಮಡಿಕೆ ಕಡೆಯವರು. ಅವರ ಕನ್ನಡದಲ್ಲಿ ಅರ್ಧ ತೆಲುಗು. ಕುರಿಗಳು ಹಾದುಹೋಗುವವರೆಗೂ ಪ್ರಾರ್ಥನೆಯನ್ನು ಎಳೆಯಲು ಸನ್ನೆ ಮಾಡಿ, ಆಮೇಲೆ, “ರಾ ಅವ್ವಾ, ಬಾ, ಕೂತ್ಕೋ” ಎಂದರು. ಅವರ ಕಡೆ ಅಜ್ಜಿಯನ್ನು ಅವ್ವ ಎನ್ನುತ್ತಾರೆ, ನಮ್ಮ ಕಡೆ ತಾಯಿಯನ್ನು. ಅಷ್ಟು ದೊಡ್ಡ ಗಂಡಸು ತನ್ನನ್ನು ಹೆತ್ತವಳೆಂದು ಕರೆದದ್ದಕ್ಕೆ ಅಜ್ಜಿ ಅಲ್ಲೇ ಅರ್ಧ ಸೋತಳು.

ಅಂದು ಬೋರ್ಡಿಗೆ ಮಸಿ ಬಳಿಯುವ ದಿನ. ನಾನು ಆಯೋಗದ ಎದುರು ನನ್ನ ಸ್ಕೂಲಿನ ಮಾನ ಉಳಿಸಬೇಕೆಂದು ಜೀವ ಬಿಟ್ಟು ಅರೆಯುತ್ತಿದ್ದೆ. ಆತುರದಲ್ಲಿ ನೀರು ಹೆಚ್ಚಾಗಿ, ಅರೆದದ್ದು ಒರಳಿನಿಂದ ಉಕ್ಕಿ ನನ್ನ ಲಂಗದ ಮೇಲೆಲ್ಲ ಹರಿಯಿತು. ಎಲ್ಲ ಮುಗಿಯಿತು, ಇನ್ನು ಬೂಟು ಟೈಗಳೇ ಗತಿ ಎಂದುಕೊಂಡೆ. ಅಜ್ಜಿ ಕೋಲನ್ನು ಗೋಡೆಗೆ ಒರಗಿಸಿ, ಕಂಬಳಿ ಮಡಿಸಿಟ್ಟು, “ಅತ್ಲಾಗ್ ಸರೀರೇ” ಎಂದು ಒರಳಿನ ಮುಂದೆ ಕೂತಳು. ಎರಡು ಹಿಡಿ ಸೊಪ್ಪು, ಒಂದು ಹಿಡಿ ಇದ್ದಿಲು ಮತ್ತೆ ಹಾಕಿಸಿ ಅರೆದಳು. ಮಕ್ಕಳೆಲ್ಲ ಸುತ್ತ ಕೂತರು. ಅರೆದದ್ದನ್ನು ತಾನೇ ಎತ್ತಿಕೊಂಡು ಹೋಗಿ, ಮನೆಯ ಗೋಡೆಗೆ ಸುಣ್ಣ ಬಳಿಯುವವಳ ಹಾಗೆ, ಮೇಲಿನಿಂದ ಕೆಳಕ್ಕೆ, ಎಲ್ಲೂ ಗೆರೆ ಬೀಳದಂತೆ ಬಳಿದಳು. ಬೋರ್ಡು ಒಣಗಿತು. ಮೇಷ್ಟ್ರು ಸೀಮೆಸುಣ್ಣ ತೆಗೆದು, “ಅವ್ವಾ, ನಿನ್ ಪೇರು?” ಎಂದರು.

“ನನ್ ಎಸ್ರು ಕಟ್ಕಂಡು ಏನ್ ಮಾಡ್ತೀಯಪ್ಪಾ. ಈರಕ್ಕ.”

ಅವರು ಬರೆದರು. ಆ ಕಪ್ಪಿನ ನಟ್ಟನಡುವೆ, ದಪ್ಪ ಅಕ್ಷರದಲ್ಲಿ, ಈರಕ್ಕ. ನಾವೆಲ್ಲ ಒಟ್ಟಿಗೆ ಓದಿದೆವು. ತನ್ನ ಹೆಸರಿಗೆ ಅಂಥದ್ದೊಂದು ರೂಪವಿದೆಯೆಂದು ಅವಳು ಮೊದಲ ಸಲ ನೋಡಿದ್ದು. ಹತ್ತಿರ ಹೋಗಿ ಮುಟ್ಟಲು ಕೈ ಎತ್ತಿದಳು, ಅಳಿಸಿಬಿಟ್ಟೀತೆಂದು ಹೆದರಿ ಇಳಿಸಿದಳು. “ಇಷ್ಟೇಯಾ? ಗಿಡ್ಡಾಗೈತೆ, ಚೆನ್ನಾಗೈತೆ” ಎಂದಳು.

ತೀರ್ಪು ಅಂದು ಸಂಜೆ ಬಾಗಿಲ ಪಕ್ಕದ ಕಲ್ಲಿನ ಮೇಲಿಂದ ಹೊರಬಿತ್ತು. “ರಂಗ ಕಾಂಪೌಂಡಾಗೇ ಇರ್ಲಿ. ಮಂಜಿ ಬಯಲಾಗೇ ಇರ್ಲಿ.”

ಅಪ್ಪ ತಬ್ಬಿಬ್ಬಾದ. “ನೀನೇ ಅಂದ್ಯಲ್ಲವ್ವಾ, ಒಂದೇ ಮಡಕೆ ಅಂತ?”

“ಮಡಕೆ ಒಂದೇ ಕಣ್ಲಾ. ರೊಪ್ಪದಾಗೆ ಕೂಡಿ ಸೊಪ್ಪಾಕಿದ ಮರಿ ಬಿರ್ನೆ ಕೊಬ್ತದೆ, ಒಪ್ಕಂತೀನಿ. ಬಯಲಿಗೋದ ಮರಿ ನಿಧಾನ. ಆದ್ರೆ ಸಂಜೆಗೆ ಯಾರ್ನೂ ದಾರಿ ಕೇಳ್ದಂಗೆ ಮನೆಗ್ ಬರ್ತದೆ. ಅದೂ ಅಲ್ದೆ, ನಾನು ಬಳ್ದಿರೋ ಬೋರ್ಡು ಐತೆ ಅಲ್ಲಿ. ಅದ್ರ ಮುಂದೆ ನಮ್ಮನೇದೊಂದು ಕೂಸು ಬ್ಯಾಡ್ವಾ?”

ರಂಗನಿಗೆ ಅಂದಿನಿಂದ ಕೊಬ್ಬಿದ ಮರಿ ಎಂಬ ಬಿರುದು ಅಂಟಿತು. ಶಿರಾದಲ್ಲಿ ಔಷಧಿ ಅಂಗಡಿ ಇಟ್ಟಿರುವ ಅವನು ಈಗಲೂ ಫೋನಿನಲ್ಲಿ “ಹಲೋ, ಕೊಬ್ಬಿದ ಮರಿ ಸ್ಪೀಕಿಂಗ್” ಎನ್ನುತ್ತಾನೆ. ಅವನ ಇಂಗ್ಲಿಷ್ ಚೆನ್ನಾಗಿದೆ, ಅವನ ಮನಸ್ಸೂ ಚೆನ್ನಾಗಿದೆ. ಕಾನ್ವೆಂಟು ಅವನಿಗೆ ಯಾವ ಕೇಡನ್ನೂ ಮಾಡಲಿಲ್ಲವೆಂದು ಎದುರು ಪಕ್ಷದವಳಾಗಿ ನಾನೇ ಸರ್ಟಿಫಿಕೇಟು ಕೊಡುತ್ತೇನೆ. ನಾನು ಆ ಬಯಲಿನಲ್ಲೇ ಏಳನೇ ಕ್ಲಾಸಿನವರೆಗೆ ಓದಿ, ಆಮೇಲೆ ಪುರವರದ ಹೈಸ್ಕೂಲು, ಆಮೇಲೆ ಟೀಚರ್ ಟ್ರೈನಿಂಗು ಎಂದು ಸಾಗಿ, ಹೊಳವನಹಳ್ಳಿಯ ಹತ್ತಿರ ಒಂದು ಸರ್ಕಾರಿ ಸ್ಕೂಲಿನ ಹೆಡ್‌ಮಿಸ್ಸಾಗಿದ್ದೇನೆ. ಹೌದು, ಮಿಸ್ಸೇ. ಅಜ್ಜಿ ಇದ್ದಿದ್ದರೆ ಯಾವ ಬಸ್ಸು ತಪ್ಪಿತೆಂದು ಕೇಳುತ್ತಿದ್ದಳು. ಯಾವ ಸ್ಕೂಲು ಮೇಲು ಎಂದು ಮಕ್ಕಳ ತಂದೆತಾಯಂದಿರು ಈಗ ನನ್ನನ್ನು ಕೇಳುತ್ತಾರೆ. ಅಜ್ಜಿಯ ಕುರಿಗಳ ಮಾತನ್ನು ಅವರಿಗೆ ಹೇಳುವುದಿಲ್ಲ. ಬನ್ನಿ, ಒಳಗೆ ಬಂದು ನೋಡಿ ಎನ್ನುತ್ತೇನೆ. ಕ್ಲಾಸಿನ ಒಳಗೇ ಕರೆದುಕೊಂಡು ಹೋಗಿ ಕೂರಿಸುತ್ತೇನೆ. ನನ್ನ ಸ್ಕೂಲಿನಲ್ಲಿ ಯಾರೂ ಕಿಟಕಿಯಿಂದ ನೋಡಿ ಹಿಂದಿರುಗಿದ್ದಿಲ್ಲ. ಇಷ್ಟು ಜಂಬ ನನಗಿರಲಿ.

ಹೋದ ವರ್ಷ ಒಂದು ಭಾನುವಾರ ಊರಿಗೆ ಹೋಗಿದ್ದೆ. ಮನೆಯಿದ್ದ ಜಾಗದಲ್ಲಿ ಯಾರದೋ ಟ್ರ್ಯಾಕ್ಟರು ನಿಂತಿತ್ತು. ರೊಪ್ಪದ ಗುರುತಿಲ್ಲ, ಅಜ್ಜಿ ಕೂರುತ್ತಿದ್ದ ಕಲ್ಲು ಯಾವ ಪಾಯಕ್ಕೆ ಹೋಯಿತೋ. ಎದುರಿನ ಸ್ಕೂಲಿಗೆ ಮಾತ್ರ ಕೊನೆಗೂ ಕಾಂಪೌಂಡು ಬಂದಿದೆ. ಗೋಡೆಯ ತುಂಬ ನವಿಲು, ಹುಲಿ, ಭೂಪಟದ ಚಿತ್ರ. ಕಬ್ಬಿಣದ ಗೇಟು, ಅದಕ್ಕೆ ಬೀಗ. ಗೋಡೆ ಬಂದ ಹೊತ್ತಿಗೆ ಒಳಗೆ ಕೂರುವ ಮಕ್ಕಳು ಕಡಿಮೆಯಾಗಿದ್ದಾರೆ. ಊರಿಗೆ ಈಗ ಎರಡು ವ್ಯಾನು ಬರುತ್ತವಂತೆ. ಗೇಟು ಹಿಡಿದು ನಿಂತಿದ್ದ ನನ್ನನ್ನು ನೋಡಿ ಹುಲ್ಲು ಹೊತ್ತ ಹೆಂಗಸೊಬ್ಬಳು, “ಯಾರಮ್ಮಾ? ಯಾರು ಬೇಕಾಗಿತ್ತು?” ಎಂದಳು.

“ಯಾರೂ ಬ್ಯಾಡ ಕಣಮ್ಮ. ಇದು ನಮ್ ಸ್ಕೂಲು.”

ಅವಳು ತಲೆಯ ಹೊರೆಯನ್ನು ಸರಿಮಾಡಿಕೊಂಡಳು. “ಅಂಗಾದ್ರೆ ಇಲ್ಲ್ಯಾಕ್ ನಿಂತಿದ್ದೀರಿ? ಇಂದ್ಗಡೆ ಗೋಡೆ ಬಿದ್ದು ಸಂದಿ ಆಗೈತೆ. ಕುರಿ ಓಗ್ತವೆ, ನೀವೂ ಓಗ್ಬೋದು.”

ಹೋದೆ. ಹೆಡ್‌ಮಿಸ್ಸೊಬ್ಬಳು ಸೀರೆಯ ನೆರಿಗೆ ಎತ್ತಿ ಹಿಡಿದು, ಕುರಿಯ ದಾರಿಯಲ್ಲಿ, ತಾನು ಓದಿದ ಸ್ಕೂಲಿಗೆ ನುಗ್ಗಿದಳು. ಕಿಟಕಿಯ ಸರಳಿನಿಂದ ನೋಡಿದರೆ ಒಳಗೆ ಹಸಿರು ಬೋರ್ಡು. ಚೆನ್ನಾಗಿದೆ, ಯಾರೂ ಏನೂ ಬಳಿಯಬೇಕಾಗಿಲ್ಲ. ಹಿಂದುಗಡೆ ಹೊಲದ ಬೇಲಿಯ ತೊಂಡೆ ಬಳ್ಳಿ ಮಾತ್ರ ಹೊಸ ಗೋಡೆಯನ್ನು ಹತ್ತಿ, ಹುಲಿಯ ಅರ್ಧ ಮುಖವನ್ನು ಮುಚ್ಚಿಕೊಂಡು, ಸೊಂಪಾಗಿ ಹಬ್ಬಿತ್ತು. ಒಂದು ತುಂಡು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಹಿತ್ತಲಲ್ಲಿ ನೆಟ್ಟೆ. ಚೆನ್ನಾಗಿ ಹತ್ತಿಕೊಂಡಿದೆ. ಕಾಯಿ ಪಲ್ಯಕ್ಕಾಗುತ್ತದೆ. ಎಲೆಗೆ ಈಗ ಕೆಲಸವಿಲ್ಲ.