ಹೊಸ್ತಿಲೊಳಗಿನ ಬಾತುಮರಿಗಳು

ಚಾಚಿಯ ಬಿಳಿ ಸೀರೆಯ ಅಂಚು ಯಾವಾಗಲೂ ಒದ್ದೆ. ಬಾತುಮರಿಗಳ ಹಿಕ್ಕೆ ಮೆತ್ತಿ, ಒಣಗಿ, ಮತ್ತೆ ನೆನೆದು, ಕಂದು ಬಣ್ಣದ ಬಾರ್ಡರಿನ ಹಾಗೆ ಕಾಣುತ್ತಿತ್ತು.

ಚಿಂಬಲ್‌ನಲ್ಲಿ ನಮ್ಮ ಕಿರಾಣಿ ಅಂಗಡಿಯ ಹಿಂದೆ, ನಾಲಾದ ದಂಡೆಗೆ ಅವಳ ಒಂದೇ ಕೋಣೆಯ ಮನೆ. ವಿಜಯಪುರದ ಕಡೆಯವಳು. ಗಂಡ ಗೌಂಡಿ. ಕೆಲಸಕ್ಕೆ ಹೋದ ಬಂಗಲೆಯಿಂದ ಬಾತುಕೋಳಿಯ ತತ್ತಿ ತಂದು, ತಾನೇ ಮನೆಯ ಕೋಳಿಯ ಕೆಳಗೆ ಕಾವಿಗಿಟ್ಟಿದ್ದ. ಅವು ಒಡೆಯುವ ಮೊದಲೇ ಕಟ್ಟಡದ ಸಾರುವೆಯಿಂದ ಬಿದ್ದು ತೀರಿಹೋದ. ಚಾಚಿ ಇದ್ದತ್‌ಗೆ ಕೂತಳು. ಗಂಡ ಸತ್ತವಳು ನಾಲ್ಕು ತಿಂಗಳಿಗೂ ಮಿಕ್ಕಿ ಮನೆಬಿಟ್ಟು ಹೊರಗೆ ಕಾಲಿಡದ ಶೋಕ ಅದು. ಮರಿಗಳು ಹೊರಬಂದದ್ದು ಅದರ ನಡುವೆ.

ಬೆಳಗಾವಿಯ ಕಾನ್ವೆಂಟಿನಲ್ಲಿ ನಾನು ಓದಿದ ರೀಡರಿನ ಡಕ್ಲಿಂಗ್‌ಗಳು ನೀಟಾಗಿ, ಹಳದಿಯಾಗಿ ಇರುತ್ತಿದ್ದವು. ಇವು ಕುಡಿಯುವ ನೀರಿನಲ್ಲೇ ನುಚ್ಚು ಕದಡಿ, ಅದರಲ್ಲೇ ಹೇತು, ಅದನ್ನೇ ತುಳಿದು ಹಾಸಿಗೆ ಹತ್ತುತ್ತಿದ್ದವು. ಬೆಳಿಗ್ಗೆ ಹಾಸಿದ ಗೋಣಿ ಮಧ್ಯಾಹ್ನಕ್ಕೆ ಕಣ್ಣುರಿಯುವಷ್ಟು ಸ್ಮೆಲ್.

ಪಕ್ಕದ ಮನೆಯವಳು ಗೋಡೆಯಾಚೆಯಿಂದ ಕೂಗುತ್ತಿದ್ದಳು: "ಚಾಚಿ, ಶೋಕಕ್ಕ ಕುಂತೀರೋ, ಸಂತಿ ಹಚ್ಚೀರೋ?"

"ಅವನ್ನ ಕೇಳವಾ. ನನ್ನ ಮಾತು ಎಲ್ಲಿ ಕೇಳ್ತಾವು."

"ಹೊರಗ ಬಿಡವಾ," ಎಂದೆ ನಾನು.

"ನಾಲಾ ಐತ್ರಿ ಅಕ್ಕಾರ. ಹೋದ್ರ ಹಿಡದು ತರಾಕ ನಾ ಹೊರಗ ಬರಂಗಿಲ್ಲ. ಅವರು ಕೈಯಾರೆ ಇಟ್ಟು ಹೋಗಿದ್ದು ಇವಷ್ಟ. ಒಂದರ ದೊಡ್ಡದಾಗಬೇಕ್ರಿ."

ಒಂದನ್ನು ಹೆಗ್ಗಣ ಎಳೆದೊಯ್ಯಿತು. ಇನ್ನೊಂದು, ಅವಳು ರೊಟ್ಟಿ ಬಡಿಯಲು ಕೂತಾಗ, ಮಣೆಯ ಕೆಳಗೇ ಸಿಕ್ಕಿ ಸತ್ತಿತು. ನೀರಿನ ಜೀವಗಳಲ್ಲವೇ, ನೀರು ನೋಡಲಿ ಎಂದು ಚಾಚಿ ಬಟ್ಟೆ ತೊಳೆಯುವ ಟಬ್ ತುಂಬಿ ಉಳಿದವನ್ನು ಬಿಟ್ಟಳು. "ನೋಡ್ರಿ ಅಕ್ಕಾರ, ಹ್ಯಾಂಗ ತೇಲಾಕತ್ತಾವು," ಎಂದು ಗಂಡ ಹೋದ ಮೇಲೆ ಮೊದಲ ಸಲ ನಕ್ಕಳು. ತಾಯಿ ಬಾತಿನ ಮೈಯೆಣ್ಣೆ ತಾಗದ ಮರಿಗಳ ತುಪ್ಪುಳು ನೀರು ಹೀರಿ ಆರುವುದೇ ಇಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡರೂ ನಡುಕ ನಿಲ್ಲಲಿಲ್ಲ. ಬದುಕಿದ್ದು ಕೋಳಿಯ ರೆಕ್ಕೆಯಡಿ ಹೊಕ್ಕಿದ್ದ ಒಂದೇ.

ಮಳೆಗಾಲದಲ್ಲಿ ನಾಲಾ ಉಕ್ಕಿ ನೀರು ಹೊಸ್ತಿಲಿಗೆ ಬಂದ ದಿನ, ಅದು ಬಾಗಿಲ ಸಂದಿಯಿಂದ ನುಸುಳಿ ನೀರಿಗಿಳಿಯಿತು. ಕೋಳಿ ಹಿಂದೆಯೇ ಓಡಿ ದಂಡೆಯ ಮೇಲೆ ನಿಂತು ಅರಚತೊಡಗಿತು. ಚಾಚಿ ಚೌಕಟ್ಟು ಹಿಡಿದು ನಿಂತಳು. ನಾನು ಅಂಗಡಿಯ ಹಿಂಬಾಗಿಲಲ್ಲಿ, ಕೋಲೂರಿಕೊಂಡು.

"ಹೋಗವಾ, ಹಿಡಿ. ಜರೂರತ್ತಿದ್ದರ ಹೋಗಬಹುದು ಅಂತ ನಿಮ್ಮ ಮೌಲ್ವಿಗಳೇ ಹೇಳ್ಯಾರಲ್ಲ?"

"ಬಾತಿನ ಮರಿ ಜರೂರತ್ತು ಅನಸ್ಕೋತೈತೇನ್ರಿ, ಅಕ್ಕಾರ?"

ನಿಜವಾಗಿಯೂ ಕೇಳಿದಳು. ನನ್ನ ಮುಖ ನೋಡುತ್ತ, ಉತ್ತರಕ್ಕೆ ಕಾಯುತ್ತ. ಅಷ್ಟರಲ್ಲಿ ನೀರು ಅದನ್ನು ರಸ್ತೆಯ ಕೆಳಗಿನ ಮೋರಿಯೊಳಕ್ಕೆ ಎಳೆದುಕೊಂಡಿತ್ತು.

ಇದ್ದತ್ ಮುಗಿದ ಬೆಳಿಗ್ಗೆ ಚಾಚಿ ಮೊದಲು ಹೋಗಿ ನಿಂತದ್ದು ಆ ಮೋರಿಯ ಹತ್ತಿರ. ಆಮೇಲೆ ಊರಿಗೆ ಹೊರಟಳು. ಕೋಳಿಯನ್ನು ನನ್ನ ಕೈಗಿತ್ತು, "ಕೊಯ್ಯಬ್ಯಾಡ್ರಿ," ಎಂದಳು. ಮುಂದಿನ ಚಳಿಗಾಲದಲ್ಲಿ ಅವಳೂ ತೀರಿಕೊಂಡಳೆಂದು ಫೋನ್ ಬಂತು. ಪೂರ್ ಥಿಂಗ್.

ನಮ್ಮ ಯಜಮಾನರು ಹೋದಾಗ ನಾನು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದಂತೆ ಬ್ರೇವ್ ಆಗಿದ್ದೆ. ದಿನಕರ್ಮ ಮುಗಿದದ್ದೇ ಗಲ್ಲಾದಲ್ಲಿ ಕೂತೆ. ಅಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಈಗ ಮಳೆ ಜೋರಾದರೆ ಚಾಚಿಯ ಕೋಳಿ ನಾಲಾದ ದಂಡೆಗೆ ಹೋಗಿ ಕರೆಯುತ್ತದೆ. ನಾನು ಶಟರ್ ಅರ್ಧ ಇಳಿಸಿ ಬಂದು, ಅದು ಸುಮ್ಮನಾಗುವವರೆಗೆ ಪಕ್ಕದಲ್ಲಿ ನಿಲ್ಲುತ್ತೇನೆ. ಗಿರಾಕಿಗಳು ಕಾಯುತ್ತಾರೆ.