ಪ್ರಸಂಗಕ್ಕೊಂದು ಹೂಂ

೧೯೭೪ರ ಡಿಸೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಸಿಂದಗಿಯ ಸಣ್ಣ ಚರ್ಚಿನಲ್ಲಿ ಪಾದ್ರಿಯವರ ಪ್ರಸಂಗ ನಡೆಯುತ್ತಿದ್ದಾಗ, ಹೆಂಗಸರ ಸಾಲಿನಲ್ಲಿ ಕೂತಿದ್ದ ಮಾರ್ಥವ್ವ ಎಂಬ ಮುದುಕಿ ಗಟ್ಟಿಯಾಗಿ ‘ಹೂಂ’ ಅಂದಳು.

ಇದು ಸುದ್ದಿಯಲ್ಲ, ಒಪ್ಪುತ್ತೇನೆ. ಆ ಕಾಲಕ್ಕೆ ನಾನು ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಸಿಂದಗಿ, ಇಂಡಿ ಕಡೆಯ ಸುದ್ದಿ ಕಳಿಸುತ್ತಿದ್ದೆ. ಯಾವುದು ಸುದ್ದಿ, ಯಾವುದು ಅಲ್ಲ ಎಂಬ ಬಗ್ಗೆ ಆಗ ನನಗಿದ್ದ ಖಾತ್ರಿ ಈಗಿಲ್ಲ. ಮುದುಕಿಯೊಬ್ಬಳು ಹೂಂ ಅಂದದ್ದನ್ನು ಬರೆದು ಕಳಿಸಿದ್ದರೆ ಸಂಪಾದಕರು ನನಗೆ ಸ್ವಲ್ಪ ದಿನ ವಿಶ್ರಾಂತಿ ಪಡೆಯಲು ಸೂಚಿಸುತ್ತಿದ್ದರು. ಹಾಗಾಗಿ ಕಳಿಸಲಿಲ್ಲ. ಆದರೆ ಆ ವರ್ಷ ನಾನು ಕಳಿಸಿದ ಸುದ್ದಿಗಳಲ್ಲಿ ಒಂದೂ ಈಗ ನೆನಪಿಲ್ಲ. ಆ ಹೂಂ ಮಾತ್ರ ಇನ್ನೂ ಕಿವಿಯಲ್ಲಿದೆ.

ನಾನು ಕ್ರೈಸ್ತನಲ್ಲ. ಚರ್ಚಿಗೆ ಹೋದದ್ದು ನೆರೆಯವನೆಂಬ ಕಾರಣಕ್ಕೆ. ನನ್ನ ಬಾಡಿಗೆ ಕೋಣೆಗೂ ಪಾದ್ರಿ ಯೋಹಾನಪ್ಪನವರ ಮನೆಗೂ ನಡುವೆ ಒಂದೇ ಗೋಡೆ. ಮನೆಯೆಂದರೆ ಪೂರ್ತಿ ಮನೆಯಲ್ಲ. ಯೋಹಾನಪ್ಪ ಇನ್ನೂ ಪರೀಕ್ಷೆಯ ಮೇಲಿದ್ದ ಪಾದ್ರಿ. ಅವರ ಕೆಲಸ ಕಾಯಂ ಆಗುವವರೆಗೆ ಮುಂದಿನ ಕೋಣೆ ಮಾತ್ರ ಅವರದು. ಹಿಂದಿನ ಕೋಣೆಯಲ್ಲಿ ಚರ್ಚಿನ ಜಮಖಾನೆ, ಗ್ಯಾಸ್‌ಲೈಟು ತುಂಬಿ ಬೀಗ ಹಾಕಿದ್ದರು. ಅವರ ಹೆಂಡತಿ ಸುಶೀಲಾ ಮುದ್ದೇಬಿಹಾಳದ ಆಸ್ಪತ್ರೆಯಲ್ಲಿ ನರ್ಸು. ಗಂಡ ಯಾವ ಊರಿನಲ್ಲಿ ನಿಲ್ಲುತ್ತಾನೆಂದು ಗೊತ್ತಾಗದೆ ಆಕೆ ವರ್ಗಾವಣೆ ಕೇಳುವಂತಿರಲಿಲ್ಲ. ರಜೆ ಸಿಕ್ಕ ಶನಿವಾರ ತಾಳಿಕೋಟೆ ಮೇಲೆ ಹಾದುಬರುವ ಬಸ್ಸಿಗೆ ಬಂದು ಭಾನುವಾರ ಸಂಜೆ ಹೋಗಿಬಿಡುತ್ತಿದ್ದರು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಒಂದು ಬಿಂದಿಗೆ, ಒಂದು ಒಲೆ ಎಂದು ಇಬ್ಬರಿಗೂ ಸೇರಿ ಇರಲಿಲ್ಲ. ಬೀಗ ಹಾಕಿದ ಆ ಹಿಂದಿನ ಕೋಣೆಯನ್ನು ಯೋಹಾನಪ್ಪ ನೋಡುತ್ತಿದ್ದ ರೀತಿ ನನಗೆ ಗೊತ್ತಿದೆ. ಬೀಗ ತೆಗೆಯಬೇಕಾದರೆ ಪಾದ್ರಿಗಳನ್ನು ನೇಮಿಸುವ ಬಾಗೇವಾಡಿಯ ಹಿರಿಯರು ಬಂದು ಅವರ ಪ್ರಸಂಗ ಕೇಳಿ ಹೂಂ ಅನ್ನಬೇಕಾಗಿತ್ತು.

ಅದಕ್ಕೇ ನನ್ನನ್ನು ಕರೆದರು.

‘ಪೇಪರ್ನವರ, ನೀವು ಮಂತ್ರಿಗಳ ಭಾಷಣ ಕೇಳಿದೋರು. ನಮ್ಮದೊಂದು ಸಲ ಕೇಳ್ರಿ. ಎಲ್ಲಿ ಬ್ಯಾಸರ ಬರತೈತಿ ಅಂತ ಹೇಳಿದ್ರ ಅಷ್ಟು ತಗದು ಒಗೀತೇನಿ.’

ಮಂತ್ರಿಗಳ ಭಾಷಣ ಕೇಳಿ ಕೇಳಿ ಬೇಸರಪಡುವ ಶಕ್ತಿಯೇ ನನ್ನಲ್ಲಿ ಉಳಿದಿರಲಿಲ್ಲ. ಎಷ್ಟು ಉದ್ದದ ಭಾಷಣವನ್ನಾದರೂ ನಾಲ್ಕು ಸಾಲಿಗೆ ಇಳಿಸುವುದು ನನ್ನ ಕಸುಬು. ಯೋಹಾನಪ್ಪನ ಪ್ರಸಂಗವನ್ನು ಎರಡೇ ಸಾಲಿಗೆ ಇಳಿಸಬಹುದಾಗಿತ್ತು. ಅವರು ಕಾಗದದ ಮೇಲೆ ಬರೆದು ತಂದು ಓದುತ್ತಿದ್ದರು. ದೂರದ ಊರಿನ ಪಾಠಶಾಲೆಯಲ್ಲಿ ಹಾಗೆ ಕಲಿತಿದ್ದರು. ಮೊದಲು ಪೀಠಿಕೆ, ಆಮೇಲೆ ಮೂರು ಭಾಗ, ಕೊನೆಗೆ ಉಪಸಂಹಾರ. ವಾಕ್ಯಗಳು ಎಷ್ಟು ಉದ್ದವೆಂದರೆ ಕ್ರಿಯಾಪದ ಬಂದು ಮುಟ್ಟುವುದರೊಳಗೆ ಯಾರು ಏನು ಮಾಡಲು ಹೊರಟಿದ್ದರು ಎಂಬುದೇ ಮರೆತುಹೋಗುತ್ತಿತ್ತು. ಗೋಡೆ ಕಟ್ಟುವ ಗೌಂಡಿಗಳು, ಕೂಲಿಯವರು, ಒಂದಿಬ್ಬರು ಸಾಲಿ ಮಾಸ್ತರರು, ಎಲ್ಲರೂ ಭಕ್ತಿಯಿಂದ ಸುಮ್ಮನೆ ಕೂತಿರುತ್ತಿದ್ದರು. ಆ ಮೌನ ಎಷ್ಟು ಗಟ್ಟಿಯಾಗಿತ್ತೆಂದರೆ ಅದಕ್ಕೆ ಬೆನ್ನು ಒರಗಿಸಿ ನಿದ್ದೆ ಮಾಡಬಹುದಾಗಿತ್ತು. ಕೆಲವರು ಮಾಡುತ್ತಿದ್ದರು.

ಅಂಥ ಮೌನದ ನಡುವೆ ಆ ‘ಹೂಂ’ ಬಿತ್ತು.

ಯೋಹಾನಪ್ಪ ಕಾಗದದಿಂದ ತಲೆಯೆತ್ತಿದರು. ಓದುತ್ತಿದ್ದ ಸಾಲು ತಪ್ಪಿತು. ಹುಡುಕಿ ಮತ್ತೆ ಶುರು ಮಾಡಿದರು. ಆ ವಾಕ್ಯ ಮುಗಿದಾಗ ಮತ್ತೊಂದು ‘ಹೂಂ’. ಆ ದಿನದ ವಿಷಯ ತಪ್ಪಿಸಿಕೊಂಡ ಕುರಿಯದು. ಕುರಿಗಾರ ಉಳಿದೆಲ್ಲವನ್ನೂ ಬಿಟ್ಟು ಒಂದನ್ನು ಹುಡುಕಲು ಹೋದನೆಂಬಲ್ಲಿಗೆ ಬಂದಾಗ ಮಾರ್ಥವ್ವನಿಗೆ ಹೂಂ ಸಾಲದಾಯಿತು.

‘ಉಳಿದ ಕುರಿ ಯಾರ ಹಂತ್ಯಾಕ ಬಿಟ್ಟು ಹ್ವಾದ್ರಿ ಅಂವಾ? ತ್ವಾಳಾ ಬಂದ್ರ?’

ಚರ್ಚು ಒಮ್ಮೆಲೇ ಎಚ್ಚರವಾಯಿತು. ಕಾಗದದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಯೋಹಾನಪ್ಪ ಹಣೆ ಒರೆಸಿಕೊಂಡು, ‘ಅಣ್ಣತಮ್ಮಂದ್ರು ಇದ್ದಿರಬೇಕ ಬೇ, ಒಬ್ಬಾಂವ ಕುರಿ ಕಾಯಾಕ ಹೋಗತಾನೇನು?’ ಅಂದರು. ಮುದುಕಿ, ‘ಹೂಂ, ಹಂಗಾರ ಖರೆ’ ಎಂದು ಒಪ್ಪಿಕೊಂಡು ಮುಂದುವರಿಯಲು ಅಪ್ಪಣೆ ಕೊಟ್ಟಳು.

ಹೊರಗೆ ಬಂದಮೇಲೆ ದಾನಿಯೇಲ ಮಾಸ್ತರರು ಆಕೆಯನ್ನು ತಡೆದರು. ನಿವೃತ್ತ ಮುಖ್ಯೋಪಾಧ್ಯಾಯರಾದ ಅವರು ಆ ಸಭೆಯ ಹಿರಿಯರು.

‘ಮಾರ್ಥವ್ವ, ಇದೇನು ಗುಡಿಕಟ್ಟಿ ಮ್ಯಾಲಿನ ಕಥಿ ಅಂತ ಮಾಡೀಯೇನು? ಬಾಯಿ ಮುಚಗೊಂಡು ಕುಂದ್ರಬೇಕಿಲ್ಲೆ?’

‘ಮನಶ್ಯಾ ಅಷ್ಟೊತ್ತು ಒಬ್ಬನ ಮಾತಾಡಾಕತ್ತಾನಲ್ರಿ ಮಾಸ್ತರ. ಯಾರೂ ಹೂಂ ಅನ್ನಲಿಲ್ಲಂದ್ರ ಅಂವಗ ಹೆಂಗ ಅನಸಬೇಕು? ಬಿಸಲಾಗ ಬಂದಾಂವಗ ನೀರು ಕೊಡದಂಗ ಆತಲ್ಲ.’

ಆಕೆಯ ಮಾತು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಹೂಂ ಅನ್ನುವವರಿಲ್ಲದೆ ನಮ್ಮಲ್ಲಿ ಕಥೆ ನಡೆಯುವುದಿಲ್ಲ. ಕನ್ನೊಳ್ಳಿಯಲ್ಲಿ ನನ್ನ ಅಜ್ಜಿ ಕಥೆ ಹೇಳುವಾಗ ನಮ್ಮ ಹೂಂ ನಿಂತರೆ ರಾಜಕುಮಾರ ಕುದುರೆಯ ಮೇಲೇ ನಿಂತುಬಿಡುತ್ತಿದ್ದ. ಬೆಳಿಗ್ಗೆ ಕೇಳಿದರೂ ಇನ್ನೂ ಅಲ್ಲೇ ಇರುತ್ತಿದ್ದ. ಮನಗೂಳಿಯಲ್ಲಿ ಶ್ರಾವಣದ ಪುರಾಣ ಕೇಳಿದ್ದೇನೆ. ಅಲ್ಲಿ ಶಾಸ್ತ್ರಿಗಳು ಮಾತು ಮುಗಿಸಿ ಸುಮ್ಮನೆ ಒಂದು ಕ್ಷಣ ನಿಲ್ಲುತ್ತಾರೆ, ಜನರ ಹೂಂ ಬರಲೆಂದೇ ಬಿಟ್ಟ ಜಾಗ ಅದು. ಗೀಗೀ ಮೇಳದಲ್ಲಂತೂ ಹಿಂದೆ ನಿಂತು ದನಿಗೂಡಿಸುವವರಿಲ್ಲದಿದ್ದರೆ ಮುಂದಿನವನು ಬರೀ ಡಪ್ಪು ಹಿಡಿದ ಮನುಷ್ಯ.

ನನಗೂ ಈ ಹೂಂನ ಬೆಲೆ ಗೊತ್ತಿತ್ತು. ಅವಸರದ ಸುದ್ದಿಯನ್ನು ನಾನು ಅಂಚೆ ಕಚೇರಿಯಿಂದ ಟ್ರಂಕ್ ಕಾಲ್ ಮಾಡಿ ಹೇಳಿ ಬರೆಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಬರೆದುಕೊಳ್ಳುತ್ತಿದ್ದವರ ಮುಖ ನಾನು ನೋಡಿರಲಿಲ್ಲ, ಅವರ ಹೂಂ ಮಾತ್ರ ಪರಿಚಯ. ಚಿಕ್ಕ ಹೂಂ ಬಂದರೆ ಸುದ್ದಿ ಕಸದ ಬುಟ್ಟಿಗೆ. ಎಳೆದ ಹೂಂ ಬಂದರೆ ನಾಳೆ ಒಳಪುಟದಲ್ಲಿ. ಒಂದು ಸಲ ಪುರಸಭೆಯ ಇಡೀ ಜಗಳವನ್ನು ಸದಸ್ಯರ ಬೈಗುಳ ಸಮೇತ ಉತ್ಸಾಹದಿಂದ ಹೇಳಿ ಮುಗಿಸಿದಾಗ, ಲೈನು ಯಾವಾಗಲೋ ಕಡಿದುಹೋಗಿದೆ ಎಂದು ತಿಳಿಯಿತು. ಹಿಂದೆ ಸರದಿಯಲ್ಲಿದ್ದವರು ಪೂರ್ತಿ ಕೇಳಿ ಖುಷಿಪಟ್ಟಿದ್ದರು. ಮುದ್ರಣವಾದ ಸುದ್ದಿಗಂತೂ ಯಾವ ಹೂಂ ಕೂಡ ಬರುವುದಿಲ್ಲ. ಬರೆಯುವವನು ಒಗೆದ ಕಲ್ಲು ಬಾವಿಗೆ ಬಿತ್ತೋ ಇಲ್ಲವೋ ಎಂದು ಕಿವಿಗೊಟ್ಟು ಬಗ್ಗಿ ನಿಂತಿರುತ್ತಾನೆ.

ಮುಂದಿನ ಭಾನುವಾರ ಯೋಹಾನಪ್ಪ ಕಾಗದ ತಂದರು, ಅರ್ಧ ಓದಿ ಮಡಚಿದರು. ಅದರ ಮುಂದಿನ ಭಾನುವಾರ ತರಲೇ ಇಲ್ಲ. ಮಾರ್ಥವ್ವನನ್ನು ನೋಡಿಕೊಂಡು, ಹಳ್ಳಿಯ ಮಾತಿನಲ್ಲಿ, ನಡುನಡುವೆ ನಿಲ್ಲಿಸಿ ಹೇಳತೊಡಗಿದರು. ಅವರು ಹೀಗೂ ಮಾತಾಡಬಲ್ಲರೆಂದು ನನಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಮೊದಲು ಮಾರ್ಥವ್ವ ಒಬ್ಬಳೇ ಹೂಂ ಅನ್ನುತ್ತಿದ್ದಳು, ಆಮೇಲೆ ಆಕೆಯ ಅಕ್ಕಪಕ್ಕದವರು, ಸಂಕ್ರಾಂತಿಯ ಹೊತ್ತಿಗೆ ಗಂಡಸರ ಸಾಲು ಕೂಡ. ಸಂತೆಗೆ ಬಂದ ಹೊರಗಿನ ಜನ ಕಿಟಕಿಯ ಬಳಿ ನಿಲ್ಲುತ್ತಿದ್ದರು. ನಾನು ವರದಿ ಮಾಡಬೇಕಾದ ಸಭೆಗಳನ್ನು ತಪ್ಪಿಸಿ, ವರದಿ ಮಾಡಬೇಕಿಲ್ಲದ ಈ ಸಭೆಗೆ ಹೋಗಿ ಕೂರುತ್ತಿದ್ದೆ.

ದಾನಿಯೇಲ ಮಾಸ್ತರರಿಗೆ ಮಾತ್ರ ಸಮಾಧಾನವಿರಲಿಲ್ಲ. ಅವರನ್ನು ಬರೀ ಬಿಗಿ ಮನುಷ್ಯರೆಂದು ತಿಳಿದಿದ್ದ ನನಗೆ ಒಂದು ಸಂಜೆ ಅವರೇ ಹೇಳಿದರು:

‘ನಮ್ಮಪ್ಪಗ ಅಕ್ಷರ ಬರತಿದ್ದಿಲ್ರಿ. ಸಾಲಿ ಕಟ್ಟಿ ಹತ್ತಗೊಟ್ಟಿದ್ದಿಲ್ಲ ಅಂವಗ. ಕೈಯಾಗ ಕಾಗದ ಹಿಡದು ನಮ್ಮಾಂವ ಒಬ್ಬ ನಿಂತಾನ, ಓದಾಕತ್ತಾನ, ಅದನ್ನ ನೋಡಾಕಂತನ ಬರತಿದ್ದ ಚರ್ಚಿಗೆ. ತಿಳೀತೋ ಬಿಡತೋ. ಆ ಕಾಗದ ಮಡಚಿ ಒಗದ್ರ ನನಗ ಹೆಂಗ ಆಗಬಾರದು?’

ನಾನು ಹೂಂ ಅಂದೆ.

ಫೆಬ್ರುವರಿಯಲ್ಲಿ ಬಾಗೇವಾಡಿಯ ಹಿರಿಯರಿಬ್ಬರು ಬರುವುದು ನಿಕ್ಕಿಯಾಯಿತು. ಅದೇ ವಾರ ಮಾರ್ಥವ್ವ ಜೋಳದ ಸುಗ್ಗಿಗೆಂದು ಹೊರ್ತಿಯ ಮಗಳ ಮನೆಗೆ ಹೊರಟುಹೋದಳು. ಆಕೆ ಮೊದಲು ಅನ್ನದೆ ಉಳಿದವರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಯೋಹಾನಪ್ಪ ಕಂಗಾಲಾದರು. ಆಗ ಅವರು ಒಂದು ಉಪಾಯ ಮಾಡಿದರು. ನಮ್ಮ ಸೀಮೆಯವರಿಗಲ್ಲದೆ ಬೇರೆ ಯಾರಿಗೂ ಅದು ಹೊಳೆಯುತ್ತಿರಲಿಲ್ಲ. ಹೂಂ ಅನ್ನಲು ಒಬ್ಬನನ್ನು ನೇಮಿಸಿದರು. ಗೌಂಡಿ ಸತ್ಯಪ್ಪ, ಹಿಂದೆ ಗೀಗೀ ಮೇಳದಲ್ಲಿ ದನಿಗೂಡಿಸಿದ್ದವನು. ‘ನಾ ಮಾತು ನಿಲ್ಲಿಸಿದ ಕೂಡಲೇ ನೀ ಅನ್ನು’ ಎಂದಷ್ಟೇ ಅವನಿಗೆ ಹೇಳಿಕೊಟ್ಟಿದ್ದರು.

ಭಾನುವಾರ ಹಿರಿಯರು ಮುಂದಿನ ಕುರ್ಚಿಗಳಲ್ಲಿ ಕೂತರು. ಸುಶೀಲಾ ಕೂಡ ರಜೆ ಹಾಕಿ ಬಂದು ಹೆಂಗಸರ ಸಾಲಿನಲ್ಲಿದ್ದರು. ಮನೆ ಬಿಟ್ಟು ಹೋಗಿ ಆಸ್ತಿ ಕಳೆದುಕೊಂಡ ಮಗನ ಕಥೆ ಆರಂಭವಾಯಿತು.

‘ಅಪ್ಪಾ, ನನ್ನ ಪಾಲಿಂದು ನನಗ ಕೊಟ್ಟುಬಿಡು ಅಂದ.’

‘ಹೌದ್ ಹೌದು!’ ಎಂದ ಸತ್ಯಪ್ಪ, ಮೇಳದ ಎತ್ತರದ ದನಿಯಲ್ಲಿ.

‘ಇದ್ದದ್ದೆಲ್ಲಾ ಹಾಳು ಮಾಡಿದ.’

‘ಶಾಬಾಸ್!’

‘ಕಡೀಕ ಹಂದಿ ಕಾಯಾಕ ನಿಂತ. ಹಂದಿ ತಿನ್ನೂ ತೌಡು ಸೈತ ಅಂವಗ ಸಿಗಲಿಲ್ಲ.’

‘ಭಲೇ! ಇನ್ನೊಮ್ಮಿ ಹೇಳ್ರಿ!’

ಹುಡುಗರು ಬಾಯಿಗೆ ಟವೆಲ್ ತುರುಕಿಕೊಂಡರು. ನಗು ಮೊದಲು ಎಲ್ಲಿಂದ ಒಡೆಯಿತೋ ಗೊತ್ತಿಲ್ಲ. ಯೋಹಾನಪ್ಪ ಮಗನನ್ನು ಅಪ್ಪನ ಮನೆಗೆ ಮುಟ್ಟಿಸುವ ಹೊತ್ತಿಗೆ ಕೇಳುವವರು ಯಾರೂ ಉಳಿದಿರಲಿಲ್ಲ. ಅವರು ಮಾತು ನಿಲ್ಲಿಸಿ ಎಲ್ಲರ ಮುಖ ನೋಡುತ್ತಿದ್ದರು. ಸತ್ಯಪ್ಪ ಮಾತ್ರ ವಹಿಸಿದ ಕೆಲಸವನ್ನು ನಿಷ್ಠೆಯಿಂದ ಮಾಡಿದ ತೃಪ್ತಿಯಲ್ಲಿದ್ದ.

ಪ್ರಾರ್ಥನೆ ಮುಗಿದ ಮೇಲೆ ಬಾಗೇವಾಡಿಯ ಹಿರಿಯರು ಕಟ್ಟೆಯ ಮೇಲೆ ಕೂತು ನಿರ್ಣಯ ಹೇಳಿದರು. ಸಿಟ್ಟಿನಿಂದ ಹೇಳಲಿಲ್ಲ.

‘ನೋಡ್ರಿ ಯೋಹಾನಪ್ಪ. ಕಾಗದ ಹಿಡದು ಓದೋದಾದ್ರ ಇಲ್ಲೇ ಇರ್ರಿ, ಮುಂದಿನ ತಿಂಗಳಿಂದ ಕಾಯಂ. ಇಲ್ಲ, ನಾ ಬಾಯಿಲೇ ಹೇಳಾಂವ ಅಂದ್ರ ಅದಕ್ಕೂ ಜಾಗಾ ಐತಿ. ಇಂಡಿ ಕಡೆ ಹಳ್ಳಿ ತಿರಗೂ ಉಪದೇಶಿ ಬೇಕಾಗ್ಯಾನ. ಆದ್ರ ಅದಕ್ಕ ಮನಿ ಇಲ್ಲ, ಒಂದ ಊರು ಅಂತ ಇಲ್ಲ. ಎರಡರಾಗ ಯಾವುದು ಅಂತ ಸಂಜಿಮುಂದ ಹೇಳ್ರಿ.’

ಸಂಜೆ ಮುದ್ದೇಬಿಹಾಳದ ಬಸ್ಸಿಗೆ ಸುಶೀಲಾ ಹೊರಟಾಗ ನಾನೂ ಬಸ್‌ಸ್ಟ್ಯಾಂಡಿನಲ್ಲಿದ್ದೆ, ಹುಬ್ಬಳ್ಳಿಗೆ ಸುದ್ದಿಯ ಲಕೋಟೆ ಕಳಿಸಲು. ಯೋಹಾನಪ್ಪ ನೆಲ ನೋಡುತ್ತಾ ನಿಂತಿದ್ದರು.

‘ನನಗ ಮಾತು ಬಂದದ್ದ ಈ ಎರಡು ತಿಂಗಳಾಗ ಸುಶೀಲಾ. ಮತ್ತ ಕಾಗದ ಹಿಡಿ ಅಂದ್ರ...’

‘ಹಿಡೀರಿ.’

‘ಆ ಮಂದಿ ಮತ್ತ ನಿದ್ದಿ ಮಾಡತಾರ.’

‘ಮಾಡ್ಲಿ. ಎರಡು ವರ್ಷಾತು, ನಿಮ್ಮ ಕೂಡ ಜಗಳಾ ಆಡಬೇಕಂದ್ರೂ ನನಗ ಬಸ್ಸಿನ ಹೊತ್ತು ನೋಡಬೇಕಾಗತೈತಿ.’ ಕಂಡಕ್ಟರ್ ಸೀಟಿ ಊದಿದ. ಆಕೆ ಮೆಟ್ಟಿಲು ಹತ್ತಿ ತಿರುಗಿ, ‘ಐತಾರ ಅವರಿಗೆ ಓದ್ರಿ. ಶನಿವಾರ ಮನ್ಯಾಗ ನನಗ ಹೇಳ್ರಿ, ಹೂಂ ಅಂತೇನಿ’ ಅಂದರು.

ಮಾರ್ಚಿನಲ್ಲಿ ಹಿಂದಿನ ಕೋಣೆಯ ಬೀಗ ತೆಗೆದರು. ಮಳೆಗಾಲಕ್ಕೆ ಮುಂಚೆ ಸುಶೀಲಾ ಸಿಂದಗಿಯ ಆಸ್ಪತ್ರೆಗೆ ವರ್ಗವಾಗಿ ಬಂದರು. ಭಾನುವಾರದ ಪ್ರಸಂಗ ಮತ್ತೆ ಪೀಠಿಕೆಯಿಂದ ಉಪಸಂಹಾರದವರೆಗೆ ಕಾಗದದ ಮೇಲೆ ನಡೆಯತೊಡಗಿತು. ದಾನಿಯೇಲ ಮಾಸ್ತರರು ಕನ್ನಡಕ ಒರೆಸಿಕೊಂಡು ನೇರ ಕೂರುತ್ತಿದ್ದರು. ಸುಗ್ಗಿ ಮುಗಿಸಿ ಬಂದ ಮಾರ್ಥವ್ವ ಮೊದಲ ದಿನ ಬಾಯಿ ತೆರೆದು, ಆ ಕಾಗದ ನೋಡಿ, ಸುಮ್ಮನಾದಳು. ನಾನು ಚರ್ಚಿಗೆ ಹೋಗುವುದನ್ನು ಬಿಟ್ಟೆ.

ಆದರೆ ಗೋಡೆ ಒಂದೇ ಇತ್ತಲ್ಲ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಆಚೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು. ಅದರ ನಡುವೆ ಯೋಹಾನಪ್ಪನ ಆ ಇನ್ನೊಂದು ದನಿ, ನಿಲ್ಲಿಸಿ, ಕಾದು, ಮುಂದುವರಿಯುವ ದನಿ. ಬಡಿತ ನಿಂತ ಕಡೆಯಲ್ಲಿ ಒಂದು ಹೂಂ. ಶಬ್ದಗಳು ಪೂರ್ತಿ ತಿಳಿಯುತ್ತಿರಲಿಲ್ಲ. ಬರೆಯುತ್ತಿದ್ದ ಸುದ್ದಿಯನ್ನು ಬದಿಗಿಟ್ಟು, ಗೋಡೆಯ ಈಚೆ ಒಬ್ಬನೇ ಕೂತು, ಏನು ಹೇಳುತ್ತಿದ್ದಾರೆಂದು ತಿಳಿಯದೆಯೇ ಎಷ್ಟೋ ಸಲ ನಾನೂ ತಲೆಯಾಡಿಸಿದ್ದೇನೆ. ನನ್ನ ಬರಹದ ಆಚೆ ಬದಿಯಲ್ಲಿ ಕೂಡ ಹಾಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸುವವರು ಯಾರಾದರೂ ಇದ್ದಾರೆಯೇ ಎಂದು ಯೋಚಿಸಿದ್ದೇನೆ. ನೀವು ಇಲ್ಲಿಯವರೆಗೆ ಓದಿಕೊಂಡು ಬಂದಿದ್ದರೆ ಮನಸ್ಸಿನಲ್ಲಾದರೂ ಒಂದು ಸಲ ಅಂದುಬಿಡಿ.

ಎರಡು ವರ್ಷದ ನಂತರ ಪತ್ರಿಕೆ ನನ್ನನ್ನು ಬಿಜಾಪುರಕ್ಕೆ ಕಳಿಸಿತು, ಇಲ್ಲಿಗೆ ಬಂದು ಈಗ ಐದು ವರ್ಷ. ಕಳೆದ ತಿಂಗಳು ಇಲ್ಲಿಯ ಬಸ್‌ಸ್ಟ್ಯಾಂಡಿನಲ್ಲಿ ಗೌಂಡಿ ಸತ್ಯಪ್ಪ ಸಿಕ್ಕಿದ್ದ. ಅವನು ತಿಳಿಸಿದ ಪ್ರಕಾರ, ಸಿಂದಗಿಯ ಚರ್ಚಿನಲ್ಲಿ ಭಾನುವಾರದ ಪ್ರಸಂಗವನ್ನು ಈಗಲೂ ಕಾಗದ ಹಿಡಿದೇ ಓದಲಾಗುತ್ತದೆ. ಶನಿವಾರ ಸಂಜೆ ಮಾತ್ರ ಯೋಹಾನಪ್ಪನವರ ಬಾಯಿಮಾತು ಕೇಳಲು ಬಂದ ಜನ ಅವರ ಮನೆಯ ಹಿಂದಿನ ಕೋಣೆಯಲ್ಲಿ ಹಿಡಿಸುವುದಿಲ್ಲ. ಮಾರ್ಥವ್ವ ಒಲೆಯ ಪಕ್ಕ ಕೂರುತ್ತಾಳೆ. ಹೋದ ಮಳೆಗಾಲದಿಂದ ದಾನಿಯೇಲ ಮಾಸ್ತರರೂ ಬಂದು ಹೊಸ್ತಿಲ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದಾರೆ. ಅವರು ಹೂಂ ಅನ್ನುತ್ತಾರೋ ಇಲ್ಲವೋ ಎಂಬುದು ಇನ್ನೂ ಖಚಿತವಾಗಿಲ್ಲ.